ಸೀಟಿನ ಕೆಳಗೆ ಎಂಜಿನ್ ಇರುವ ಗಾಡಿಯ ಕ್ಲಚ್

ಕ್ಲಚ್ ಸವೆದಿರುವುದನ್ನು ಕಾಲಿಗಿಂತ ಮೊದಲು ಕಿವಿ ಹಿಡಿಯುತ್ತದೆ. ನನ್ನ ಮಾರುತಿ ಓಮ್ನಿಯಲ್ಲೂ ಹಾಗೇ ಆಯಿತು. ಚಿಂಚೋಳಿ ದಾಟಿ ಕುಂಚಾವರಂ ಕಾಡಿನ ಕಡೆ ಏರು ಹತ್ತುವಾಗ ಮೂರನೇ ಗೇರಿನಲ್ಲಿ ಎಕ್ಸಲರೇಟರ್ ಒತ್ತಿದೆ. ಎಂಜಿನ್ ಸದ್ದು ಜೋರಾಯಿತು, ಗಾಡಿಯ ಓಟ ಮಾತ್ರ ಇದ್ದಷ್ಟೇ ಉಳಿಯಿತು. ಸೇಡಂ ಕಡೆಯ ಸಪಾಟು ರಸ್ತೆಯಲ್ಲಿ ಇದು ಕಾಣಿಸಿಕೊಂಡಿರಲಿಲ್ಲ. ತೊಗರಿ ಹೊಲಗಳ ನಡುವಿನ ಆ ರಸ್ತೆಯಲ್ಲಿ ಅರ್ಧ ಸವೆದ ಪ್ಲೇಟೂ ಗಾಡಿಯನ್ನು ಎಳೆದುಕೊಂಡು ಹೋಗುತ್ತದೆ. ಕರಿ ಮಣ್ಣು ಮುಗಿದು ಕೆಂಪು ಜಂಬಿಟ್ಟಿಗೆಯ ನೆಲ ಏರತೊಡಗಿದಾಗ ಅದರ ಬಂಡವಾಳ ಬಯಲಾಗುತ್ತದೆ.

ಶಹಾಬಾದ್, ಚಿತ್ತಾಪುರದ ಕಡೆಯ ಕಲ್ಲಿನ ಪಾಲಿಷ್ ಘಟಕಗಳಿಗೆ ಕಟಿಂಗ್ ಬ್ಲೇಡು, ಎಮರಿ ಕಲ್ಲು, ಮೋಟಾರಿನ ಬೇರಿಂಗು ಮುಟ್ಟಿಸುವುದು ನನ್ನ ಕೆಲಸ. ವಾಡಿ, ಸೇಡಂ, ಚಿಂಚೋಳಿಯ ಹಾರ್ಡ್‌ವೇರ್ ಅಂಗಡಿಗಳಿಗೂ ಹೋಗುತ್ತೇನೆ. ಸಾಮಾನು ನೋಡಲು ಸಣ್ಣದು, ತೂಕ ಮಾತ್ರ ಕಬ್ಬಿಣದ್ದು. ಇಂಥ ಕೆಲಸಕ್ಕೆ ಓಮ್ನಿಗಿಂತ ಒಳ್ಳೆಯ ಗಾಡಿ ನನಗೆ ಇವತ್ತಿಗೂ ಸಿಕ್ಕಿಲ್ಲ. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದ ಈ ಗಾಡಿ 2019ರಲ್ಲಿ ತಯಾರಿಕೆ ನಿಲ್ಲುವವರೆಗೂ ಮೂಲ ರೂಪದಲ್ಲಿ ಹೆಚ್ಚು ಬದಲಾಗಲಿಲ್ಲ. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, ಹಿಂದಿನ ಚಕ್ರಗಳಿಗೆ ಚಾಲನೆ, ಜಾರುವ ಬಾಗಿಲು.

ಆ ಎಂಜಿನ್ ಇರುವುದು ಮುಂದಿನ ಸೀಟುಗಳ ಕೆಳಗೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಲಬುರಗಿ ಬಿಸಿಲಿನಲ್ಲಿ ಓಮ್ನಿ ಓಡಿಸಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಕೆಳಗಿನಿಂದ ಸೀಟೇ ಹೇಳುತ್ತದೆ. ಎಂಜಿನಿಯರುಗಳ ಲೆಕ್ಕದಲ್ಲಿ ಇದು ಮಿಡ್-ಎಂಜಿನ್ ಗಾಡಿ, ಅಂದರೆ ಎಂಜಿನ್ ಎರಡು ಆಕ್ಸಲ್‌ಗಳ ನಡುವೆ ಇರುವಂಥದ್ದು. 1966ರ ಲ್ಯಾಂಬೊರ್ಗಿನಿ ಮಿಯುರಾದಿಂದ ಹಿಡಿದು ಟೊಯೊಟಾ ಎಂಆರ್2, ಪೋರ್ಶೆ ಬಾಕ್ಸ್‌ಸ್ಟರ್‌ವರೆಗೆ ಹೆಸರುವಾಸಿ ಸ್ಪೋರ್ಟ್ಸ್ ಕಾರುಗಳ ಏರ್ಪಾಡೂ ಇದೇ. ಉದ್ದೇಶ ಮಾತ್ರ ಬೇರೆ. ತಿರುವಿನಲ್ಲಿ ಚುರುಕಾಗಿ ಹೊರಳಲೆಂದು ಅವರು ಭಾರವನ್ನು ನಡುವಿಗೆ ತಂದರು. ಮೂರೂವರೆ ಮೀಟರಿಗೂ ಕಡಿಮೆ ಉದ್ದದ ಡಬ್ಬಿಯಲ್ಲಿ ಜನಕ್ಕೂ ಸಾಮಾನಿಗೂ ಜಾಗ ಉಳಿಯಲೆಂದು ಸುಜುಕಿಯವರು ಎಂಜಿನ್ನನ್ನು ಸೀಟಿನ ಅಡಿಗೆ ತಳ್ಳಿದರು. ಎರಡು ಕಡೆಯೂ ಮಿಸ್ತ್ರಿಗೆ ಒದಗುವ ಕಷ್ಟ ಮಾತ್ರ ಒಂದೇ: ಸವೆದ ಭಾಗದ ಬೆಲೆ ದೊಡ್ಡದಲ್ಲ, ಅಲ್ಲಿಗೆ ಕೈ ಮುಟ್ಟಿಸುವುದೇ ದೊಡ್ಡ ಕೆಲಸ. ಕೆಲವು ತಯಾರಕರು ಇದಕ್ಕೂ ಉಪಾಯ ಕಂಡುಕೊಂಡಿದ್ದರು. 1989ರ ಫೆರಾರಿ 348ರಲ್ಲಿ ಗೇರ್‌ಬಾಕ್ಸನ್ನು ಅಡ್ಡಲಾಗಿಟ್ಟು ಕ್ಲಚ್ಚನ್ನು ಗಾಡಿಯ ಬಾಲದ ತುದಿಗೆ ತಂದರು. ಹೀಗಾಗಿ ಎಂಜಿನ್ ಇಳಿಸದೆಯೇ ಕ್ಲಚ್ ಬದಲಿಸಬಹುದು. ಓಮ್ನಿಯಲ್ಲಿ ಆ ಸೌಕರ್ಯವಿಲ್ಲ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ ಕೂತಿರುತ್ತದೆ, ಗೇರ್‌ಬಾಕ್ಸ್ ಇಳಿಯದೆ ಅದರ ಮುಖ ಕಾಣುವುದಿಲ್ಲ.

ಶಹಾಬಾದಿನಲ್ಲಿ ನಾನು ನಂಬಿರುವ ಮಿಸ್ತ್ರಿಯ ಬಳಿಗೆ ಗಾಡಿ ಒಯ್ದೆ. ಅವರು ಪಾನಾ ಕೈಗೆ ತೆಗೆದುಕೊಳ್ಳುವ ಮೊದಲು ಪೆಡಲ್ ನೋಡಿದರು. ಕ್ಲಚ್ ಪೆಡಲ್ಲನ್ನು ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಮೊದಲಿಗೆ ಸ್ವಲ್ಪ ದೂರ ಭಾರವಿಲ್ಲದೆ ಇಳಿಯಬೇಕು, ಆಮೇಲೆ ಬಿಗಿ ಸಿಗಬೇಕು. ಇದನ್ನೇ ಫ್ರೀ ಪ್ಲೇ ಅನ್ನುವುದು. ಕೇಬಲ್ಲಿನ ಕ್ಲಚ್ಚಿನಲ್ಲಿ ಪ್ಲೇಟ್ ಸವೆದಂತೆ ಈ ಸಡಿಲ ಕಡಿಮೆಯಾಗುತ್ತ ಬರುತ್ತದೆ. ಪ್ಲೇಟ್ ತೆಳ್ಳಗಾದರೆ ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಬೆರಳುಗಳು ರಿಲೀಸ್ ಬೇರಿಂಗಿನ ಕಡೆ ಸರಿಯುತ್ತವೆ. ಸಡಿಲ ಪೂರ್ತಿ ಹೋದ ದಿನ, ಕಾಲು ಪೆಡಲ್ ಮೇಲೆ ಇರದಿದ್ದರೂ ಬೇರಿಂಗ್ ಆ ಬೆರಳುಗಳನ್ನು ಒತ್ತಿಕೊಂಡೇ ಇರುತ್ತದೆ. ಆಗ ಹಿಡಿತ ಕಡಿಮೆ, ಜಾರುವುದು ಹೆಚ್ಚು, ಜಾರಿದಷ್ಟೂ ಇನ್ನಷ್ಟು ಸವೆತ. ಕೇಬಲ್ ತುದಿಯ ನಟ್ಟನ್ನು ಹೊತ್ತಿಗೆ ಸರಿಯಾಗಿ ತಿರುವುತ್ತಿದ್ದರೆ ಅದೇ ಪ್ಲೇಟು ಇನ್ನೂ ಬಹಳ ದಿನ ದುಡಿಯುತ್ತದೆ. ಖರ್ಚಿಲ್ಲದ ಕೆಲಸ ಇದು, ಆದರೆ ನಮ್ಮ ಕಡೆ ಇದನ್ನು ಕೇಳಿ ಮಾಡಿಸಿಕೊಳ್ಳುವವರು ತೀರ ಕಡಿಮೆ.

ನನ್ನ ಗಾಡಿಯಲ್ಲಿ ಸಡಿಲ ಸರಿಯಾಗಿಯೇ ಇತ್ತು. ಅದಕ್ಕೇ ಮಿಸ್ತ್ರಿ, “ಪೆಡಲ್‌ದಾಗ ಏನೂ ಇಲ್ರಿ, ಒಳಗ ಎಣ್ಣಿ ಇಳದಿರಬೇಕು ನೋಡ್ರಿ” ಅಂದರು. ಬಿಚ್ಚುವ ಮೊದಲೇ ಅಂದ ಮಾತು ಅದು.

ಗಾಡಿ ಎತ್ತುವ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ನಮ್ಮ ಊರುಗಳಲ್ಲಿ ಇದರಲ್ಲಿ ಜೀವದ ಪ್ರಶ್ನೆಯಿದೆ. ಇಲ್ಲಿ ಎಲ್ಲಿ ನೋಡಿದರೂ ಪರಸಿ ಕಲ್ಲು. ಮನೆಯ ನೆಲ, ಅಂಗಳ, ಗೋಡೆ, ಚರಂಡಿಯ ಮುಚ್ಚಳ ಎಲ್ಲಕ್ಕೂ ಅದೇ. ಕೈಗೆ ಸಿಕ್ಕ ನಾಲ್ಕು ಕಲ್ಲು ಒಂದರ ಮೇಲೊಂದು ಇಟ್ಟು ಅದರ ಮೇಲೆ ಗಾಡಿ ಕೂರಿಸುವುದನ್ನು ಎಷ್ಟೋ ಕಡೆ ಕಂಡಿದ್ದೇನೆ. ಪರಸಿ ಅಂದರೆ ಶಹಾಬಾದ್ ಕಲ್ಲು, ಪದರ ಪದರವಾಗಿ ಕೂತ ಸುಣ್ಣದಕಲ್ಲು. ಗಣಿಯಲ್ಲಿ ಅದನ್ನು ಹಲಗೆಯಂತೆ ಎಬ್ಬಿಸಲು ಆಗುವುದೇ ಪದರಗಳು ಬಿಡುವುದರಿಂದ. ನೆಲಕ್ಕೆ ಸಮವಾಗಿ ಹಾಸಿದಾಗ ಎಷ್ಟು ಭಾರವನ್ನಾದರೂ ತಡೆಯುವ ಆ ಕಲ್ಲು, ಒಂದೇ ಬಿಂದುವಿನಲ್ಲಿ ಭಾರ ಬಿದ್ದರೆ ಮುನ್ಸೂಚನೆ ಕೊಡದೆ ಟಪ್ಪೆಂದು ಒಡೆಯುತ್ತದೆ. ಗಾಡಿಯ ಕೆಳಗೆ ಮನುಷ್ಯ ಮಲಗಿರುವಾಗ ಅದು ಒಡೆದರೆ ಏನಾದೀತೆಂದು ಬರೆಯಲು ನನಗೆ ಮನಸ್ಸಿಲ್ಲ. ಈ ಮಿಸ್ತ್ರಿಯ ಶೆಡ್ಡಿನ ನೆಲವೂ ಪರಸಿಯೇ, ಜ್ಯಾಕ್ ಅಲುಗಾಡದೆ ನಿಲ್ಲಲು ಅದು ಒಳ್ಳೆಯದು. ಆದರೆ ಗಾಡಿಗೆ ಆಸರೆಯಾಗಿ ಅವರು ಇಡುವುದು ಕಬ್ಬಿಣದ ಸ್ಟ್ಯಾಂಡು, ಅದರ ಪಕ್ಕದಲ್ಲಿ ಹಳೆಯ ರೈಲ್ವೆ ಸ್ಲೀಪರಿನ ಮರದ ತುಂಡು. ಅವರನ್ನು ನಾನು ನಂಬುವುದಕ್ಕೆ ಅರ್ಧ ಕಾರಣ ಈ ಮರದ ತುಂಡುಗಳೇ.

ಬ್ಯಾಟರಿ ತಂತಿ ಕಳಚಿ, ಸೀಟು ಎತ್ತಿ, ಸ್ಟಾರ್ಟರ್ ಮೋಟಾರ್ ಬಿಚ್ಚಿ, ಕ್ಲಚ್ ಕೇಬಲ್, ಮೀಟರ್ ಕೇಬಲ್, ಗೇರ್ ಜೋಡಣೆ ಬಿಡಿಸಿ, ಪ್ರೊಪೆಲ್ಲರ್ ಶಾಫ್ಟ್ ಎಳೆದರು. ಶಾಫ್ಟ್ ಎಳೆದ ಕಡೆಯಿಂದ ಗೇರ್ ಆಯಿಲ್ ಸುರಿಯುತ್ತದೆ, ಅದಕ್ಕೆ ಮೊದಲೇ ಡಬ್ಬಿ ಇಟ್ಟಿದ್ದರು. ಗೇರ್‌ಬಾಕ್ಸಿನ ಅಡ್ಡಪಟ್ಟಿ ಬಿಚ್ಚಿದರೆ ಎಂಜಿನ್ ಹಿಂದಕ್ಕೆ ವಾಲುತ್ತದೆ. ಆದ್ದರಿಂದ ಸಂಪಿನ ಕೆಳಗೆ ಮರದ ಹಲಗೆ ಕೊಟ್ಟು ಇನ್ನೊಂದು ಜ್ಯಾಕ್ ಹಚ್ಚಬೇಕು. ಓಮ್ನಿಯ ಗೇರ್‌ಬಾಕ್ಸ್ ಹಗುರ, ಇಬ್ಬರು ಕೈಯಲ್ಲೇ ಇಳಿಸುತ್ತಾರೆ. ಇಳಿಸುವಾಗಲೂ ಏರಿಸುವಾಗಲೂ ಅದರ ಭಾರ ಪ್ಲೇಟಿನ ನಡುವಿನ ಹಲ್ಲುಗಳ ಮೇಲೆ ಜೋತು ಬೀಳಬಾರದು. ಬಿದ್ದರೆ ಹೊಸ ಪ್ಲೇಟೇ ಸೊಟ್ಟಗಾಗಿ, ಗಾಡಿ ಹೊರಡುವಾಗಲೆಲ್ಲ ನಡುಗುತ್ತದೆ.

ಒಳಗೆ ಕಂಡದ್ದನ್ನು ಹತ್ತಿರದಿಂದ ಹೇಳುತ್ತೇನೆ, ಕೆಲಸದ ಸಾರವೆಲ್ಲ ಅಲ್ಲೇ ಇದೆ. ಪ್ಲೇಟಿನ ಎರಡೂ ಮುಖದ ಲೈನಿಂಗ್ ರಿವೆಟ್ ತಲೆಗಳ ಮಟ್ಟಕ್ಕೆ ಬಂದಿತ್ತು. ಒಂದು ಕಡೆಯ ಅಂಚು ಕನ್ನಡಿಯಂತೆ ಹೊಳೆಯುತ್ತಿತ್ತು. ಫ್ಲೈವೀಲಿನ ಮೈಮೇಲೆ ಅಲ್ಲಲ್ಲಿ ನೀಲಿ ಮಚ್ಚೆ, ಜಾರಿದ ಕಾವಿಗೆ ಲೋಹ ಬಣ್ಣ ತಿರುಗಿದ ಗುರುತು. ಗಂಟೆಯಾಕಾರದ ಕವಚದ ತಳದಲ್ಲಿ ಕಪ್ಪು ಹಿಟ್ಟು, ಅದರೊಳಗೆ ಬೂದು ಬಣ್ಣದ ಇನ್ನೊಂದು ನುಣುಪಾದ ಧೂಳು. ಎರಡೂ ಎಣ್ಣೆಯಲ್ಲಿ ಕಲಸಿ ಕೆಸರಾಗಿದ್ದವು. ಮಿಸ್ತ್ರಿ ಆ ಕೆಸರನ್ನು ಬೆರಳಿಗೆ ಹಚ್ಚಿ ಮೂಗಿನ ಹತ್ತಿರ ಹಿಡಿದರು, ನನಗೂ ಹಿಡಿಯಲು ಹೇಳಿದರು. ಗೇರ್ ಆಯಿಲ್ಲಿಗೆ ಗಂಧಕದ ಖಾರ ವಾಸನೆ ಇರುತ್ತದೆ. ಎಂಜಿನ್ ಆಯಿಲ್ಲಿಗೆ ಅದು ಇರುವುದಿಲ್ಲ, ಹಳೆಯದಾದರೆ ಸುಟ್ಟ ನಾತ. ನಮ್ಮ ಬೆರಳಿನಲ್ಲಿದ್ದದ್ದು ಎಂಜಿನ್ನಿನದು. ಅಂದರೆ ಸೋರುತ್ತಿದ್ದದ್ದು ಗೇರ್‌ಬಾಕ್ಸಿನ ಮುಂದಿನ ಸೀಲ್ ಅಲ್ಲ, ಫ್ಲೈವೀಲಿನ ಹಿಂದೆ ಅಡಗಿರುವ ಕ್ರ್ಯಾಂಕ್ ಸೀಲು. ವಾಸನೆ ನೋಡದೆ ಬರೀ ಪ್ಲೇಟ್ ಹಾಕಿದ್ದರೆ ಕೆಲವೇ ತಿಂಗಳಲ್ಲಿ ಅದೂ ಎಣ್ಣೆ ಕುಡಿದು ಜಾರುತ್ತಿತ್ತು, ಗೇರ್‌ಬಾಕ್ಸ್ ಮತ್ತೆ ಇಳಿಯುತ್ತಿತ್ತು.

ಬೂದು ಧೂಳಿಗೆ ಬೇರೆ ದಾರಿ ಇತ್ತು. ಕ್ಲಚ್ ಫೋರ್ಕ್ ಹೊರಗೆ ಬರುವ ಕಿಂಡಿಗೆ ಒಂದು ರಬ್ಬರ್ ಬೂಟು ಇರುತ್ತದೆ. ನನ್ನ ಗಾಡಿಯಲ್ಲಿ ಅದು ಹರಿದಿತ್ತು. ವಾಡಿಯ ಸಿಮೆಂಟ್ ಲಾರಿಗಳ ಹಿಂದೆ, ಪಾಲಿಷ್ ಘಟಕಗಳ ಅಂಗಳದಲ್ಲಿ, ಸೇಡಂ, ಮಳಖೇಡದ ಕಾರ್ಖಾನೆಗಳ ರಸ್ತೆಯಲ್ಲಿ ಓಡುವ ಗಾಡಿಗೆ ಆ ಕಿಂಡಿ ತೆರೆದಿದ್ದರೆ ಸುಣ್ಣದಕಲ್ಲಿನ ಹುಡಿ ನೇರವಾಗಿ ಬೇರಿಂಗಿನ ಗ್ರೀಸಿಗೆ ಹೋಗಿ ಕೂರುತ್ತದೆ. ಕೇಬಲ್ಲಿನ ಒಳಗೂ ಅದೇ ಧೂಳು ನುಗ್ಗಿ ಪೆಡಲ್ ಬಿಗಿಯಾಗುತ್ತದೆ. ಬೇರೆ ಊರುಗಳಲ್ಲಿ ಹರಿದ ಬೂಟನ್ನು ಯಾರೂ ಲೆಕ್ಕಕ್ಕೆ ತಗೊಳ್ಳದಿರಬಹುದು, ನಮ್ಮಲ್ಲಿ ತಗೊಳ್ಳಲೇಬೇಕು.

ಕಪ್ಪು ಹಿಟ್ಟಿನ ಬಗ್ಗೆ ಮಿಸ್ತ್ರಿಗಳೆಲ್ಲರಲ್ಲಿ ನನ್ನದೊಂದು ಬಿನ್ನಹ. ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಇದೆ. ಗಾಳಿಯ ಪೈಪಿನಿಂದ ಅದನ್ನು ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಕಲ್ಲಿನ ಧೂಳಿನಲ್ಲಿ ಬದುಕುವ ನಾವು ಇನ್ನೊಂದು ಧೂಳನ್ನು ಎದೆಗೆ ಎಳೆದುಕೊಳ್ಳುವುದು ಬೇಡ. ಶೆಡ್ಡಿನಲ್ಲಿ ಕೆಲಸ ಕಲಿಯಲು ಬರುವ ಹುಡುಗರನ್ನು ನೆನೆದರೆ ನನಗೆ ಇದರಲ್ಲಿ ರಾಜಿಯೇ ಇಲ್ಲ.

ಬದಲಿಸಿದ್ದು ಇಷ್ಟು: ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್, ಕ್ರ್ಯಾಂಕ್ ಸೀಲ್, ಗೇರ್‌ಬಾಕ್ಸಿನ ಮುಂದಿನ ಸೀಲ್, ಶಾಫ್ಟಿನ ತುದಿ ಕೂರುವ ಚಿಕ್ಕ ಬೇರಿಂಗ್, ಕೇಬಲ್, ರಬ್ಬರ್ ಬೂಟು. ಇವುಗಳಲ್ಲಿ ಕೆಲವು ಇನ್ನೂ ಸ್ವಲ್ಪ ದಿನ ನಡೆಯುತ್ತಿದ್ದವು. ಆದರೆ ಗೇರ್‌ಬಾಕ್ಸ್ ನೆಲದ ಮೇಲಿರುವಾಗ ಸೀಲಿಗೆ ಕೊಡುವುದು ಸೀಲಿನ ದುಡ್ಡು ಮಾತ್ರ. ಆಮೇಲೆ ಅದೊಂದೇ ಸೋರಿದರೆ ಸೀಲಿನ ದುಡ್ಡಿನ ಜೊತೆಗೆ ಇಡೀ ಮಜೂರಿ ಮತ್ತು ವ್ಯಾಪಾರ ನಿಂತ ದಿನಗಳ ಲೆಕ್ಕವೂ ಸೇರುತ್ತದೆ. ಫ್ಲೈವೀಲಿನ ಮೇಲೆ ಕೂದಲೆಳೆಯ ಬಿರುಕು ಇದೆಯೇ ಎಂದು ಬಿಸಿಲಿಗೆ ಹಿಡಿದು ನೋಡಿದೆವು. ಇರಲಿಲ್ಲ, ಹಾಗಾಗಿ ಲೇತಿಗೆ ಕೊಟ್ಟು ಮೈ ಸಮ ಮಾಡಿಸಿದರೆ ಸಾಕಾಯಿತು.

ಜೋಡಿಸುವಾಗ ಎರಡು ವಿಷಯ ಗಮನಿಸಿದೆ. ಹೊಸ ಪ್ಲೇಟನ್ನು ಫ್ಲೈವೀಲಿನ ನಟ್ಟನಡುವೆ ಕೂರಿಸಲು ಮಿಸ್ತ್ರಿ ಬಳಸಿದ್ದು ಗುಜರಿಗೆ ಹೋಗಿದ್ದ ಇನ್ನೊಂದು ಓಮ್ನಿಯ ಇನ್‌ಪುಟ್ ಶಾಫ್ಟ್. ಅದನ್ನು ತೂರಿಸಿ ಪ್ಲೇಟ್ ನಡುವಿಗೆ ಬಂದ ಮೇಲೆ ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದರು. ಒಂದನ್ನೇ ಪೂರ್ತಿ ಬಿಗಿದರೆ ಅದರ ಕವಚ ಬಾಗುತ್ತದೆ. ಇನ್ನೊಂದು ಗ್ರೀಸು. ಶಾಫ್ಟಿನ ಹಲ್ಲುಗಳಿಗೆ ತೆಳುವಾಗಿ ಸವರಿ, ಹೆಚ್ಚಾದದ್ದನ್ನು ಒರೆಸಿಬಿಟ್ಟರು. ಹೆಚ್ಚು ಹಚ್ಚಿದರೆ ಪ್ಲೇಟ್ ತಿರುಗುವ ರಭಸಕ್ಕೆ ಅದು ಲೈನಿಂಗಿಗೆ ಸಿಡಿಯುತ್ತದೆ, ಸೀಲ್ ಬದಲಿಸಿದ್ದೂ ವ್ಯರ್ಥವಾಗುತ್ತದೆ.

ಗಾಡಿ ಕೈಗೆ ಬಂದ ಮೊದಲ ಕೆಲವು ವಾರ ಭಾರ ಕಡಿಮೆ ಹೇರಿದೆ. ಹೊಸ ಲೈನಿಂಗ್ ಮೈಗೆ ಮೈ ಕೂಡುವವರೆಗೆ ಅದನ್ನು ಕಾಯಿಸಬಾರದು. ಕೂಡಿದ ಮೇಲೆ ಪೆಡಲ್ಲಿನ ಸಡಿಲವನ್ನು ಮತ್ತೊಮ್ಮೆ ಹೊಂದಿಸಬೇಕು, ಹೊಂದಿಸಿದೆವು. ರೈಲ್ವೆ ಗೇಟಿನಲ್ಲಿ, ಲಾರಿ ಸಾಲಿನಲ್ಲಿ ನಿಂತಾಗ ನ್ಯೂಟ್ರಲ್‌ಗೆ ತಂದು ಕಾಲು ತೆಗೆಯುವುದು ಮೊದಲಿನಿಂದಲೂ ನನ್ನ ಅಭ್ಯಾಸ. ಪಾಲಿಷ್ ಘಟಕದ ಇಳಿಜಾರಿನಲ್ಲಿ ಹಿಂದಕ್ಕೆ ಏರಿಸುವಾಗ ಮಾತ್ರ ಹಾಫ್ ಕ್ಲಚ್ ತಪ್ಪದು. ಅದಕ್ಕೇ ಈಗ ಸಾಧ್ಯವಾದಲ್ಲೆಲ್ಲ ಗಾಡಿಯನ್ನು ಕೆಳಗೇ ನಿಲ್ಲಿಸಿ, ಸಾಮಾನನ್ನು ಕೈಗಾಡಿಯಲ್ಲಿ ಸಾಗಿಸುತ್ತೇನೆ.

ಹೊಸ ಓಮ್ನಿ ಇನ್ನು ಬರುವುದಿಲ್ಲ. ನಮ್ಮ ಕಡೆ ಕೈ ಬದಲಾಗುತ್ತಿರುವುದೆಲ್ಲ ಹಳೆಯವೇ. ಕೊಳ್ಳುವ ಯೋಚನೆ ಇದ್ದವರು ಬಣ್ಣ, ಟೈರು ನೋಡುವ ಮೊದಲು ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆದು, ಮುಂದೆ ಯಾರೂ ನಿಂತಿಲ್ಲವೆಂದು ಖಾತ್ರಿ ಮಾಡಿಕೊಂಡು, ಮೂರನೇ ಗೇರ್ ಹಾಕಿ ಕ್ಲಚ್ಚನ್ನು ಮೆಲ್ಲಗೆ ಬಿಡಿ. ಎಂಜಿನ್ ಒದ್ದಾಡಿ ಆರಿಹೋದರೆ ಕ್ಲಚ್ ಹಿಡಿಯುತ್ತಿದೆ. ಆರದೆ ಓಡುತ್ತಲೇ ಇದ್ದರೆ ತಕ್ಷಣ ಪೆಡಲ್ ಒತ್ತಿಬಿಡಿ, ಮತ್ತೆ ಮತ್ತೆ ಮಾಡಿದರೆ ಉಳಿದ ಲೈನಿಂಗೂ ಸುಡುತ್ತದೆ. ಆಮೇಲೆ ಗಾಡಿಯ ಕೆಳಗೆ ಬಗ್ಗಿ, ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದ ಅಡಿಗೆ ಬೆರಳು ಹಾಯಿಸಿ ಮೂಗಿನ ಹತ್ತಿರ ತನ್ನಿ. ಸುಟ್ಟ ನಾತವೋ ಗಂಧಕದ ಖಾರವೋ ಎಂದು ತಿಳಿದರೆ, ಯಾವ ಸೀಲಿನ ಖರ್ಚನ್ನು ಬೆಲೆಯಲ್ಲಿ ಮುರಿಯಬೇಕೆಂಬುದು ಅಲ್ಲೇ ಗೊತ್ತಾಗುತ್ತದೆ.