‘ಫ್ಲಿಕರ್’ ಶಬ್ದದ ಹುಟ್ಟು ಮತ್ತು ನಮ್ಮ ಮಿಣುಕು ದೀಪ

ಶಬ್ದಕೋಶದಲ್ಲಿ ಅರ್ಥವನ್ನು ಹುಡುಕುವದು ಸುಲಭ. ಶಬ್ದವನ್ನು ಕಣ್ಣಾರೆ ಕಾಣುವದು ಕಷ್ಟ. ಪರೀಕ್ಷೆಯ ಸಲುವಾಗಿ ನಾವು ಒಂದೊಂದು ಇಂಗ್ಲೀಷ್ ಶಬ್ದದ ಎದುರಿಗೆ ಒಂದೊಂದು ಕನ್ನಡ ಶಬ್ದವನ್ನು ಬರೆದುಕೊಂಡು ಬಾಯಿಪಾಠ ಮಾಡುತ್ತೇವೆ. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳಿಂದಲೂ ಸುತ್ತಲಿನ ಹಳ್ಳಿಗಳಿಂದಲೂ ಬಂದು, ಮನೆತನದಲ್ಲಿಯೇ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥ ವಿದ್ಯಾರ್ಥಿಗಳಿಗೆ ಇದು ಅನಿವಾರ್ಯವೂ ಆಗಿದೆ. ಆದರೆ ಹಾಗೆ ಕಲಿತ ಶಬ್ದವು ಪರೀಕ್ಷೆ ಮುಗಿದ ಮರುದಿನವೇ ಮರೆತುಹೋಗುವದು. ಅಂತೆಯೇ ಈ ಲೇಖನದಲ್ಲಿ ಒಂದೇ ಒಂದು ಇಂಗ್ಲೀಷ್ ಶಬ್ದವನ್ನು ತೆಗೆದುಕೊಂಡು, ಅದರ ಹುಟ್ಟನ್ನೂ ಬಳಗವನ್ನೂ ವಿಚಾರಿಸಿ, ನಮ್ಮ ಮನೆಯ ದೀಪದ ಎದುರಿಗೆ ಅದನ್ನು ಇಟ್ಟು ನೋಡಬೇಕೆಂದು ಬಯಸಿದ್ದೇನೆ. ಆ ಶಬ್ದ ‘ಫ್ಲಿಕರ್’.

ನಮ್ಮ ಟಿಪ್ಪಣಿ ಪುಸ್ತಕಗಳಲ್ಲಿ ಇದಕ್ಕೆ ‘ಮಿನುಗು’ ಎಂಬ ಅರ್ಥವಿರುತ್ತದೆ. ಆದರೆ ಹುಟ್ಟಿನಲ್ಲಿ ಈ ಶಬ್ದಕ್ಕೂ ಬೆಳಕಿಗೂ ಸಂಬಂಧವೇ ಇರಲಿಲ್ಲ. ಹಳೆಯ ಇಂಗ್ಲೀಷಿನಲ್ಲಿ ಇದರ ರೂಪ ‘ಫ್ಲಿಕೋರಿಯನ್’. ಅರ್ಥ, ಹಕ್ಕಿ ರೆಕ್ಕೆ ಬಡಿಯುವದು. 1400ರಲ್ಲಿ ತೀರಿಕೊಂಡ ಚಾಸರ್ ಕವಿಯು ತನ್ನ ‘ಕ್ಯಾಂಟರ್ಬರಿ ಕಥೆ’ಗಳಲ್ಲಿ, ವೀನಸ್ ದೇವತೆಯ ತಲೆಯ ಮೇಲೆ ಹಾರಾಡುವ ಪಾರಿವಾಳಗಳಿಗೆ ಈ ಶಬ್ದವನ್ನೇ ಬಳಸಿದ್ದಾನೆ. ದೀಪದ ಜ್ವಾಲೆಗೆ ಇದು ಹತ್ತಿಕೊಂಡದ್ದು ಸುಮಾರು 17ನೆಯ ಶತಮಾನದ ವೇಳೆಗೆ. ಗಾಳಿಗೆ ಸಿಕ್ಕ ಜ್ವಾಲೆಯು ಹಾರಲಾರದ ಹಕ್ಕಿಯಂತೆ ನಿಂತಲ್ಲಿಯೇ ರೆಕ್ಕೆ ಬಡಿಯುವದನ್ನು ಕಂಡ ಜನರು ಹಕ್ಕಿಯ ಶಬ್ದವನ್ನು ಬೆಳಕಿಗೆ ಕೊಟ್ಟರು.

ಶಬ್ದವು ಅಲ್ಲಿಗೇ ನಿಲ್ಲಲಿಲ್ಲ. ಮೊದಮೊದಲಿನ ಚಲಚ್ಚಿತ್ರಗಳು ಪರದೆಯ ಮೇಲೆ ಬಿಟ್ಟುಬಿಟ್ಟು ಹೊಳೆಯುತ್ತಿದ್ದವಾದ್ದರಿಂದ ಇಂಗ್ಲೀಷ್ ಆಡುಮಾತಿನಲ್ಲಿ ಸಿನೇಮಾಕ್ಕೆ ‘ಫ್ಲಿಕ್’ ಎಂಬ ಹೆಸರು ಬಂದಿತು. ಇಂದು ನಮ್ಮ ಮೋಬಾಯಿಲುಗಳಲ್ಲಿರುವ ‘ನೆಟ್‌ಫ್ಲಿಕ್ಸ್’ ಎಂಬ ಹೆಸರಿನ ಉತ್ತರಾರ್ಧ ಇದೇ. ವಿದ್ಯುತ್ ಶಾಸ್ತ್ರದಲ್ಲಿಯೂ ಈ ಶಬ್ದಕ್ಕೆ ಸ್ಥಾನವಿದೆ. ನಮ್ಮ ದೇಶದ ವಿದ್ಯುತ್ ಪ್ರವಾಹವು ಸೆಕೆಂಡಿಗೆ 50 ಆವರ್ತಗಳದ್ದು. ಅದರಿಂದ ಹಳೆಯ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಏರಿ ಇಳಿಯುವದು. ನಮ್ಮ ಕಣ್ಣು ಅದನ್ನು ಹಿಡಿಯಲಾರದು. ಆದರೂ ಅದರ ಹೆಸರು ‘ಫ್ಲಿಕರ್’. ಹೀಗೆ ಪಾರಿವಾಳದ ರೆಕ್ಕೆಯಲ್ಲಿ ಹುಟ್ಟಿದ ಶಬ್ದವು ಕಣ್ಣಿಗೆ ಕಾಣದ ಕಂಪನದ ವರೆಗೆ ಬಂದಿದೆ.

ಈ ಶಬ್ದದ ನೆರೆಹೊರೆಯವರನ್ನೂ ಸ್ವಲ್ಪ ವಿಚಾರಿಸೋಣ. ‘ಲ್ಯಾಂಬೆಂಟ್’ ಎಂಬುದು ಮೆಲ್ಲಗೆ ಆಡುವ ಜ್ವಾಲೆಗೆ ಹೇಳುವ, ಪದ್ಯಗಳಲ್ಲಿ ಬರುವ ಬಿಗುವಾದ ಶಬ್ದ. ಅದರ ಮೂಲ ಲ್ಯಾಟಿನ್ನಿನ ‘ಲ್ಯಾಂಬೆರೆ’, ಅಂದರೆ ನೆಕ್ಕುವದು. ಇಷ್ಟು ತಿಳಿದೊಡನೆ ಅದರ ಬಿಗುವು ಇಳಿದುಹೋಗುವದು. ಏಕೆಂದರೆ ಬೆಂಕಿಗೆ ನಾಲಗೆಯಿರುವದು ನಮಗೆ ಹೊಸ ಸಂಗತಿಯಲ್ಲ. ಬಣವೆಗೆ ಬೆಂಕಿ ಬಿದ್ದರೆ ‘ಕೆನ್ನಾಲಿಗೆ ಚಾಚಿತು’ ಎನ್ನುತ್ತೇವೆ. ಮುಂಡಕೋಪನಿಷತ್ತು ಅಗ್ನಿಯ ಏಳು ನಾಲಗೆಗಳನ್ನು ಹೆಸರಿಸಿದೆ. ಅಗ್ನಿಗೆ ‘ಸಪ್ತಜಿಹ್ವ’ನೆಂಬ ಹೆಸರೂ ಉಂಟು.

‘ಸಿಂಟಿಲೇಟ್’ ಎಂಬುದು ‘ಸಿಂಟಿಲ್ಲಾ’ ಅಂದರೆ ಕಿಡಿ ಎಂಬ ಲ್ಯಾಟಿನ್ ಶಬ್ದದಿಂದ ಬಂದುದು. ಇಲ್ಲಿ ಮಾತ್ರ ಅನುವಾದಕನು ಎಚ್ಚರದಿಂದಿರಬೇಕು. ಇಂಗ್ಲೀಷಿನವರು ಮಾತಿನಲ್ಲಿ ಕಿಡಿ ಕಂಡರೆ ಅದನ್ನು ಚಾತುರ್ಯವೆನ್ನುವರು. ನಮ್ಮಲ್ಲಿ ‘ಕಿಡಿಕಾರಿದ’ ಎಂದರೆ ಸಿಟ್ಟಾದ ಎಂದು ಅರ್ಥ. ‘ಸಿಂಟಿಲೇಟಿಂಗ್’ ಭಾಷಣವನ್ನು ‘ಕಿಡಿಕಾರುವ ಭಾಷಣ’ವೆಂದು ಬರೆದರೆ, ರಸಿಕನಾದ ಭಾಷಣಕಾರನು ಕೋಪಿಷ್ಠನಾಗಿಬಿಡುವನು! ಕಿಡಿಯೊಂದೇ, ಅದು ಬಿದ್ದ ನೆಲ ಬೇರೆ.

ಇನ್ನು ದೀಪದ ಹೆಸರನ್ನೇ ನೋಡಿರಿ. ನಮ್ಮ ಸೀಮೆಯಲ್ಲಿ ಗಾಜಿನ ದೀಪಕ್ಕೆ ‘ಕಂದೀಲು’ ಎನ್ನುವದು ರೂಢಿ. ಈ ಶಬ್ದವು ಅರಬ್ಬಿ, ಫಾರಸಿಗಳ ‘ಕಂದೀಲ್’ನಿಂದ ನಮಗೆ ಬಂದಿತು. ಅರಬ್ಬಿಗೆ ಅದು ಗ್ರೀಕಿನ ಮುಖಾಂತರ ಲ್ಯಾಟಿನ್ನಿನ ‘ಕ್ಯಾಂಡೇಲಾ’ದಿಂದ ಬಂದುದು. ಇಂಗ್ಲೀಷಿನ ‘ಕ್ಯಾಂಡಲ್’ ಕೂಡ ಆ ‘ಕ್ಯಾಂಡೇಲಾ’ದ ಮಗುವೇ. ಇದರ ಧಾತುವಿಗೆ ಹೊಳೆ, ಬೆಳಗು ಎಂದು ಅರ್ಥ. ಸಂಸ್ಕೃತದ ‘ಚಂದ್ರ’ ಶಬ್ದವೂ ಅದೇ ಧಾತುವಿಗೆ ಸೇರಿದ್ದೆಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ದನದ ಕೊಟ್ಟಿಗೆಯಲ್ಲಿ ತೂಗುವ ಕಂದೀಲು, ಇಂಗ್ಲೀಷರ ಮೇಣದ ಬತ್ತಿ, ಆಕಾಶದ ಚಂದ್ರ, ಈ ಮೂವರೂ ದಾಯಾದಿಗಳು!

ಈಗ ಕನ್ನಡದ ಸ್ವಂತ ಆಸ್ತಿಯ ಕಡೆಗೆ ಬರೋಣ. ಮಿಂಚು, ಮಿನುಗು ಇವೆಲ್ಲ ದ್ರಾವಿಡ ಭಾಷೆಗಳಿಗೆ ಸಮಾನವಾದ ‘ಮಿನ್’ ಎಂಬ ಮೂಲದವು. ತಮಿಳು, ಮಲೆಯಾಳಗಳಲ್ಲಿ ಮಿಂಚಿಗೆ ‘ಮಿನ್ನಲ್’ ಎನ್ನುವರು. ತಮಿಳರು ವಿದ್ಯುತ್ತಿಗೂ ‘ಮಿನ್ಸಾರಂ’ ಎಂದು ಇದೇ ಮೂಲದ ಹೆಸರು ಕೊಟ್ಟಿದ್ದಾರೆ. ಬರೋ ಮತ್ತು ಎಮಿನೋ ಎಂಬ ವಿದ್ವಾಂಸರು 1961ರಲ್ಲಿ ಪ್ರಕಟಿಸಿದ ದ್ರಾವಿಡ ವ್ಯುತ್ಪತ್ತಿ ಕೋಶದಲ್ಲಿ ಇಂಥ ಬಳಗಗಳನ್ನು ಒಂದೆಡೆ ಕೂಡಿಸಿದ್ದಾರೆ. ಆದರೆ ಬಳಗ ಒಂದಾದ ಮಾತ್ರಕ್ಕೆ ಕೆಲಸ ಒಂದಲ್ಲ. ಮಿಂಚುವದು ಒಮ್ಮೆಲೇ ಹೊಳೆದು ಮಾಯವಾಗುವದು. ಮಿನುಗುವದು ನಕ್ಷತ್ರದ ಕೆಲಸ. ಅದರ ಬೆಳಕು ಬೇರೆ ಬೇರೆ ಉಷ್ಣತೆಯ ಗಾಳಿಯ ಪದರುಗಳಲ್ಲಿ ಬಾಗುತ್ತ ಬರುವದರಿಂದ ಹಾಗೆ ಕಾಣುವದು. ಮಿಣುಕುವದು ಬಡ ದೀಪದ ಪಾಲಿಗೆ ಬಂದುದು. ಇವಲ್ಲದೆ ಜೋಡುಮಾತುಗಳು ಬೇರೆ. ತಿಕ್ಕಿದ ತಂಬಿಗೆ ಥಳಥಳ, ಉರಿಯುವ ಹೊಟ್ಟು ಧಗಧಗ, ಕೆಂಡ ನಿಗಿನಿಗಿ. ಕೆಂಡಕ್ಕೆ ಸಪ್ಪಳವಿಲ್ಲ, ಆದರೂ ಕಣ್ಣು ಕಂಡದ್ದನ್ನು ಕನ್ನಡವು ಕಿವಿಗೆ ಹೇಳುತ್ತದೆ. 2011ರಲ್ಲಿ ಭೌಗೋಲಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಯ ರಾಶಿಯನ್ನು ಬಿಸಿಲಿನಲ್ಲಿ ಕಂಡವರಿಗೆ, ಬೆಂಕಿಯಿಲ್ಲದೆಯೂ ಈ ‘ನಿಗಿನಿಗಿ’ ಎಂಬ ಮಾತು ಏಕೆ ನೆನಪಾಗುವದೆಂದು ಹೇಳಬೇಕಾಗಿಲ್ಲ.

ಹಾಗಾದರೆ ‘ಫ್ಲಿಕರ್’ಗೆ ಸರಿಯಾದ ಕನ್ನಡ ಶಬ್ದ ಯಾವುದು? ಇದಕ್ಕೆ ಉತ್ತರ ನನಗೆ ದೊರೆತದ್ದು ನಮ್ಮ ಅವ್ವನ ಮಾತಿನಲ್ಲಿ. ಆಕೆಗೆ ಅಕ್ಷರ ಬಾರದು. ಕರೆಂಟು ಹೋದ ರಾತ್ರಿ ದೇವರ ಮುಂದಿನ ದೀಪ ನೋಡಿ ಆಕೆ ಕೆಲವು ಸಲ, “ದೀಪ ಮಿಣಮಿಣ ಅನ್ನಾಕತ್ತೇತಿ, ಎಣ್ಣಿ ಹಾಕು” ಎನ್ನುವಳು. ಕೆಲವು ಸಲ, “ಕುಡಿ ಹೊಯ್ದಾಡಾಕತ್ತೇತಿ, ಬಾಗಲಾ ಮುಂದ ಮಾಡು” ಎನ್ನುವಳು. ಎರಡನ್ನೂ ಇಂಗ್ಲೀಷಿನಲ್ಲಿ ‘ಫ್ಲಿಕರ್’ ಎಂದೇ ಹೇಳಬಹುದು. ಆದರೆ ಅವ್ವನ ಮಾತಿನಲ್ಲಿ ಒಂದು ಎಣ್ಣೆಯ ಕೊರತೆ, ಇನ್ನೊಂದು ಗಾಳಿಯ ಕಾಟ. ಒಂದಕ್ಕೆ ಔಷಧ ಗಿಂಡಿಯಲ್ಲಿದೆ, ಇನ್ನೊಂದಕ್ಕೆ ಬಾಗಿಲಲ್ಲಿದೆ. ಆದ್ದರಿಂದ ಈ ಶಬ್ದವನ್ನು ಅನುವಾದಿಸುವವನು ಮೊದಲು ದೀಪಕ್ಕೆ ಏನಾಗಿದೆಯೆಂದು ಕೇಳಬೇಕು. ಮನಸ್ಸಿನ ವಿಷಯದಲ್ಲಿಯೂ ಹೀಗೆಯೇ: ಆಸೆ ಮಿಣುಕುವದು ಬೇರೆ, ಮನಸ್ಸು ಹೊಯ್ದಾಡುವದು ಬೇರೆ.

ಅವ್ವನ ಮಾತಿನಲ್ಲಿಯ ‘ಕುಡಿ’ ಶಬ್ದವೂ ಲಕ್ಷ್ಯಕ್ಕೆ ಅರ್ಹವಾದುದು. ಬಳ್ಳಿಯ ಚಿಗುರಿಗೂ ಕುಡಿ, ದೀಪದ ತುದಿಗೂ ಕುಡಿ, ಮನೆತನದ ಮಗುವಿಗೂ ಕುಡಿ. ಇಂಗ್ಲೀಷಿನವರು ಜ್ವಾಲೆಯಲ್ಲಿ ರೆಕ್ಕೆಯನ್ನು ಕಂಡರು, ರೋಮನರು ನಾಲಗೆಯನ್ನು ಕಂಡರು, ಒಕ್ಕಲುತನದ ನಮ್ಮ ಜನರು ಚಿಗುರನ್ನು ಕಂಡರು. ಹೀಗೆ ನೋಡಿದಾಗ ಇಂಗ್ಲೀಷಿನ ಭಯವೂ ಕನ್ನಡದ ಕೀಳರಿಮೆಯೂ ಕೂಡಿಯೇ ಕಡಿಮೆಯಾಗುವವು. ನಮ್ಮ ಜಿಲ್ಲೆಯ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಇಂಗ್ಲೀಷಿನ ಪ್ರಾಧ್ಯಾಪಕರೂ ಕನ್ನಡದ ಮಹಾಕವಿಗಳೂ ಆಗಿ ಬಾಳಿದ್ದು ನಮಗೆ ಧೈರ್ಯ ಕೊಡತಕ್ಕ ಸಂಗತಿ.

ಆದರೆ ಒಂದು ಕಳವಳವುಂಟು. ಬಟನ್ನು ಒತ್ತಿದೊಡನೆ ಬರುವ ಬೆಳಕು ಮಿಣುಕುವದಿಲ್ಲ, ಹೊಯ್ದಾಡುವದಿಲ್ಲ. ಅದಕ್ಕೆ ಕುಡಿಯೂ ಇಲ್ಲ. ಕಂದೀಲು ಅಟ್ಟಕ್ಕೆ ಏರಿದಂತೆ ಅದರ ಮಾತುಗಳೂ ಅಟ್ಟಕ್ಕೆ ಏರುತ್ತಿವೆ. ಜರ್ಮನಿಯಿಂದ ಬಂದ ಕಿಟೆಲ್ಲರು ನಮ್ಮ ಮಾತುಗಳನ್ನು ಕೂಡಿಹಾಕಿ 1894ರಲ್ಲಿ ದೊಡ್ಡ ಕೋಶವನ್ನೇ ಕೊಟ್ಟರು. ನಮ್ಮ ಮನೆಯ ಮಾತನ್ನು ನಾವೇ ಬರೆದಿಡದಿದ್ದರೆ ಹೇಗೆ? ಈ ಸೂಟಿಯಲ್ಲಿ ನಮ್ಮ ಸಹಪಾಠಿಗಳು ತಂತಮ್ಮ ಊರಿನಲ್ಲಿ ಬೆಳಕಿಗೆ ಇರುವ ಮಾತುಗಳನ್ನು ಹಿರಿಯರಿಂದ ಕೇಳಿ ಹತ್ತು ಹತ್ತು ಬರೆದು ತಂದರೆ, ಮುಂದಿನ ವರ್ಷದ ಸಂಚಿಕೆಯಲ್ಲಿ ಅದೊಂದು ಸಣ್ಣ ಕೋಶವೇ ಆದೀತು. ಕೇಳುವ ಕೆಲಸವನ್ನು ಹಿರಿಯರು ಇರುವಾಗಲೇ ಮಾಡಬೇಕು.