ರಸ್ತೆಯ ಪೋಷಣೆ: ಎಣ್ಣೆಯ ಮೇಲಿನ ತೆರಿಗೆಯೋ, ದೂರದ ಮೇಲಿನ ತೆರಿಗೆಯೋ?

ತೆರಿಗೆಯನ್ನು ಕುರಿತು ಅರ್ಥಶಾಸ್ತ್ರಜ್ಞರು ಮುಖ್ಯವಾಗಿ ಎರಡು ತತ್ತ್ವಗಳನ್ನು ಹೇಳುವುದುಂಟು. ಶಕ್ತಿಯುಳ್ಳವನು ಹೆಚ್ಚು ಕೊಡಲಿ ಎಂಬುದು ಒಂದು. ಪ್ರಯೋಜನ ಪಡೆದವನು ಅದಕ್ಕೆ ತಕ್ಕಷ್ಟು ಕೊಡಲಿ ಎಂಬುದು ಇನ್ನೊಂದು. ಸೈನ್ಯ, ನ್ಯಾಯಾಲಯ, ಪ್ರಾಥಮಿಕ ಶಾಲೆ ಇವುಗಳ ವೆಚ್ಚಕ್ಕೆ ಮೊದಲನೆಯ ತತ್ತ್ವ ಒಪ್ಪುತ್ತದೆ. ರಸ್ತೆಯ ವಿಷಯದಲ್ಲಾದರೋ ಎರಡನೆಯದೇ ಬಹುಕಾಲದಿಂದ ನಡೆದುಬಂದಿದೆ. ಬೆಂಗಳೂರಿನ ಸುಂಕದಕಟ್ಟೆಯೇ ಮೊದಲಾದ ಊರುಗಳ ಹೆಸರುಗಳು ದಾರಿಯಲ್ಲಿ ಸರಕು ತಡೆದು ಸುಂಕ ಎತ್ತುತ್ತಿದ್ದ ಕಾಲವನ್ನು ನೆನಪಿಗೆ ತರುತ್ತವೆ. ಆಡಂ ಸ್ಮಿತ್ತನು ೧೭೭೬ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಗಾಡಿಗಳು ತಮ್ಮ ತೂಕಕ್ಕೆ ಅನುಸಾರವಾಗಿ ಸುಂಕ ತೆತ್ತರೆ ತಾವು ಮಾಡಿದ ಸವಕಳಿಗೆ ಸರಿಯಾದ ಬೆಲೆಯನ್ನೇ ತೆತ್ತಂತಾಗುತ್ತದೆ ಎಂಬ ಅರ್ಥದ ಮಾತನ್ನು ಆಡಿದ್ದಾನೆ. ಆತನು ಹೇಳಿದ್ದು ತೂಕದ ಮಾತು ಎಂಬುದನ್ನು ವಾಚಕರು ಜ್ಞಾಪಕದಲ್ಲಿಟ್ಟುಕೊಳ್ಳಬೇಕು. ಮುಂದೆ ಅದು ಉಪಯೋಗಕ್ಕೆ ಬರುತ್ತದೆ.

ಮೋಟಾರು ಬಂದ ಮೇಲೆ ದಾರಿಯಲ್ಲಿ ನಿಂತು ಸುಂಕ ಎತ್ತುವ ಕಷ್ಟವಿಲ್ಲದ ಒಂದು ಉಪಾಯ ಹೊಳೆಯಿತು. ಗಾಡಿ ಓಡಿದಷ್ಟೂ ಎಣ್ಣೆ ಉರಿಯುತ್ತದೆ. ಆದಕಾರಣ ಎಣ್ಣೆಯ ಮೇಲೆ ತೆರಿಗೆ ಹಾಕಿದರೆ ಓಟದ ಮೇಲೆಯೇ ಹಾಕಿದಂತಾಯಿತು. ಅಮೆರಿಕದ ಆರೆಗಾನ್ ಸಂಸ್ಥಾನವು ೧೯೧೯ರಲ್ಲಿ ಗ್ಯಾಲನ್ನಿಗೆ ಒಂದು ಸೆಂಟಿನಂತೆ ಇದನ್ನು ಮೊದಲು ಜಾರಿಗೆ ತಂದಿತು. ನಮ್ಮ ದೇಶದಲ್ಲಿ ಎಂ. ಆರ್. ಜಯಕರ್ ಅವರ ಅಧ್ಯಕ್ಷತೆಯಲ್ಲಿ ೧೯೨೭ರಲ್ಲಿ ನೇಮಕವಾದ ರಸ್ತೆ ಅಭಿವೃದ್ಧಿ ಸಮಿತಿಯು ಇದೇ ಮಾರ್ಗವನ್ನು ಸೂಚಿಸಿತು. ಅದರಂತೆ ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ ಎರಡಾಣೆ ಹೆಚ್ಚುವರಿ ಸುಂಕ ಬಿದ್ದು, ೧೯೨೯ರ ಮಾರ್ಚಿಯಲ್ಲಿ ಕೇಂದ್ರ ರಸ್ತೆ ನಿಧಿ ಸ್ಥಾಪಿತವಾಯಿತು. ಆ ನಿಧಿಯ ಹಣವನ್ನು ಎಲ್ಲೆಲ್ಲಿ ಎಷ್ಟೆಷ್ಟು ಪೆಟ್ರೋಲು ಖರ್ಚಾಯಿತೋ ಅದಕ್ಕೆ ಅನುಸಾರವಾಗಿ ಹಂಚುವ ಪದ್ಧತಿಯೂ ಇದ್ದಿತು. ಎಣ್ಣೆ ಉರಿದ ಕಡೆಗೇ ಹಣ ಹಿಂದಿರುಗಬೇಕು ಎಂಬ ಈ ಏರ್ಪಾಡು ಬಹು ವಿವೇಕದ್ದೆಂದು ನನ್ನ ಅಭಿಪ್ರಾಯ.

ಎಣ್ಣೆಯ ತೆರಿಗೆಯ ಗುಣಗಳನ್ನು ಮರೆಯಲಾಗದು. ಸ್ಮಿತ್ತನೇ ಹೇಳಿದ ಅನುಕೂಲ, ಮಿತವ್ಯಯ ಎಂಬ ಸೂತ್ರಗಳಿಗೆ ಇದರಷ್ಟು ಹೊಂದುವ ತೆರಿಗೆ ಅಪರೂಪ. ಶುದ್ಧೀಕರಣದ ಕಾರ್ಖಾನೆಯಲ್ಲಿ ಒಮ್ಮೆ ವಸೂಲು ಮಾಡಿದರೆ ಕೋಟ್ಯಂತರ ಗಾಡಿಗಳಿಂದ ವಸೂಲು ಮಾಡಿದಂತೆ. ಕೊಡುವವನಿಗೆ ಕೊಟ್ಟದ್ದೇ ತಿಳಿಯುವುದಿಲ್ಲ. ಯಾರು ಎಲ್ಲಿಗೆ ಹೋದರೆಂದು ಯಾರೂ ಕೇಳಬೇಕಾಗಿಲ್ಲ.

ಹೀಗಿರಲು ಇದನ್ನು ಬದಲಿಸುವ ಮಾತೇಕೆ? ಮೊದಲನೆಯ ಕಾರಣ ಎಲ್ಲರ ಕಣ್ಣಿಗೂ ಬಿದ್ದಿರುವ ಹಸಿರು ಹಲಗೆಯ ಗಾಡಿಗಳು. ವಿದ್ಯುತ್ತಿನಿಂದ ಓಡುವ ಗಾಡಿಗೆ ಎಣ್ಣೆಯೇ ಬೇಡ. ಆದ್ದರಿಂದ ಎಣ್ಣೆಯ ತೆರಿಗೆಯೂ ಇಲ್ಲ. ಕರ್ನಾಟಕವು ವಿದ್ಯುತ್ ವಾಹನಗಳಿಗಾಗಿಯೇ ಒಂದು ನೀತಿಯನ್ನು ೨೦೧೭ರಲ್ಲಿ, ಉಳಿದ ರಾಜ್ಯಗಳಿಗಿಂತ ಮೊದಲೇ ಪ್ರಕಟಿಸಿತು. ವಾಹನ ತೆರಿಗೆಯಲ್ಲಿಯೂ ವಿನಾಯಿತಿ ಕೊಟ್ಟಿತು. ೨೦೨೪ರಲ್ಲಿ ಇಪ್ಪತ್ತೈದು ಲಕ್ಷ ರೂಪಾಯಿ ಮೀರಿದ ವಿದ್ಯುತ್ ಕಾರುಗಳ ಮೇಲೆ ಶೇಕಡ ೧೦ರ ತೆರಿಗೆ ಬಂದಿತು. ಹೊಗೆಯಿಲ್ಲದ ಗಾಡಿಗೆ ಪ್ರೋತ್ಸಾಹ ಕೊಟ್ಟದ್ದು ಸರಿಯೇ. ಆದರೆ ಡಾಮರಿಗೆ ಹೊಗೆಯ ಭೇದ ತಿಳಿಯದು, ಭಾರದ ಭೇದ ಮಾತ್ರ ತಿಳಿಯುತ್ತದೆ. ಬ್ಯಾಟರಿಯ ದೆಸೆಯಿಂದ ವಿದ್ಯುತ್ ಗಾಡಿಯು ತನ್ನ ಜೊತೆಯ ಪೆಟ್ರೋಲು ಗಾಡಿಗಿಂತ ಸಾಮಾನ್ಯವಾಗಿ ಹೆಚ್ಚೇ ತೂಗುತ್ತದೆ.

ಎರಡನೆಯ ಕಾರಣ ಹಣ ಹೋಗುವ ದಾರಿಗೆ ಸಂಬಂಧಿಸಿದ್ದು. ೨೦೦೦ದ ಕೇಂದ್ರ ರಸ್ತೆ ನಿಧಿ ಕಾಯಿದೆಯನ್ನು ೨೦೧೮ರಲ್ಲಿ ತಿದ್ದಿದಾಗ ಅದರ ಹೆಸರು ‘ರಸ್ತೆ ಮತ್ತು ಮೂಲಸೌಕರ್ಯ ನಿಧಿ’ ಎಂದಾಯಿತು. ರಸ್ತೆಗಲ್ಲದೆ ಬೇರೆ ಕಾಮಗಾರಿಗಳಿಗೂ ಅದರಿಂದ ಹಣ ತೆಗೆಯಲು ಅವಕಾಶವಾಯಿತು. ಆ ವರ್ಷ ಲೀಟರಿಗೆ ಎಂಟು ರೂಪಾಯಿಯ ಸೆಸ್ಸು ಬಿದ್ದಿತು. ಸೆಸ್ಸೆಂಬುದು ಸಂವಿಧಾನದ ೨೭೦ನೆಯ ವಿಧಿಯ ಪ್ರಕಾರ ರಾಜ್ಯಗಳೊಡನೆ ಹಂಚಿಕೊಳ್ಳುವ ತೆರಿಗೆಗಳ ಗುಂಪಿಗೆ ಸೇರುವುದಿಲ್ಲ. ಇತ್ತ ರಾಜ್ಯ ಸರ್ಕಾರವು ತನ್ನ ಮಾರಾಟ ತೆರಿಗೆಯನ್ನು ೨೦೨೪ರ ಜೂನಿನಲ್ಲಿ ಪೆಟ್ರೋಲಿಗೆ ಶೇಕಡ ೨೯.೮೪ಕ್ಕೆ ಏರಿಸಿತು, ಅದು ರಾಜ್ಯದ ಸಾಮಾನ್ಯ ಬೊಕ್ಕಸಕ್ಕೆ ಸೇರತಕ್ಕದ್ದು. ಪೆಟ್ರೋಲು ಹಾಕಿಸುವವನು ರಸ್ತೆಗೆಂದು ಕೊಟ್ಟೆನೆಂದುಕೊಂಡರೂ, ಅವನ ಮನೆಯ ಮುಂದಿನ ಗುಂಡಿಗೂ ಆ ಹಣಕ್ಕೂ ಮುಖಪರಿಚಯವಿಲ್ಲ.

ಈ ಮಾತನ್ನು ನಮ್ಮ ಜಕ್ಕೂರಿಗೆ ಅನ್ವಯಿಸಿ ನೋಡಬಹುದು. ಜಕ್ಕೂರು ಬಳ್ಳಾರಿ ರಸ್ತೆಯ ಮಗ್ಗುಲಿಗಿದೆ. ಮೈಸೂರು ಸರ್ಕಾರದ ಕಾಲದಲ್ಲಿ ವಿಮಾನ ಹಾರಿಸುವುದನ್ನು ಕಲಿಸುವ ಶಾಲೆ ಇಲ್ಲಿ ಪ್ರಾರಂಭವಾದಾಗ ಸುತ್ತಲೂ ಹೊಲ, ಕೆರೆ, ತೋಟಗಳಿದ್ದ ಹಳ್ಳಿ ಇದು. ೨೦೦೮ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ರಸ್ತೆಯ ರೂಪವೇ ಬದಲಾಯಿತು. ೨೦೧೪ರಲ್ಲಿ ಹೆಬ್ಬಾಳದ ಕಡೆಯಿಂದ ಯಲಹಂಕದ ಕಡೆಗೆ ಎತ್ತರದ ಹೆದ್ದಾರಿ ತೆರೆಯಿತು. ಇದಕ್ಕೆ ಸಂಬಂಧಿಸಿದ ಸುಂಕದ ಕಟ್ಟೆ ಇರುವುದು ಇನ್ನೂ ಉತ್ತರಕ್ಕೆ, ಸಾದಹಳ್ಳಿಯಲ್ಲಿ. ಪರಿಣಾಮವನ್ನು ಗಮನಿಸಬೇಕು. ಹೆಬ್ಬಾಳದಲ್ಲಿ ಮೇಲೇರಿ ಯಲಹಂಕದಲ್ಲಿ ಇಳಿಯುವವನು ಎತ್ತರದ ಹೆದ್ದಾರಿಯನ್ನು ಪೂರ್ತಿ ಬಳಸಿಯೂ ಸುಂಕ ಕೊಡುವುದಿಲ್ಲ. ಕಟ್ಟೆಯ ಈಚೆಯಿಂದ ಆಚೆಗೆ ನಾಲ್ಕೇ ಕಿಲೋಮೀಟರು ಹೋಗುವವನೂ ಹೆಬ್ಬಾಳದಿಂದ ಬಂದವನಷ್ಟೇ ಕೊಡುತ್ತಾನೆ. ಸುಂಕದ ಕಟ್ಟೆಯೆಂಬುದು ದೂರದ ತೆರಿಗೆಯ ಒರಟು ರೂಪ. ಅದು ಅಳೆಯುವುದು ದೂರವನ್ನಲ್ಲ, ಒಂದು ಗೆರೆ ದಾಟಿದ್ದನ್ನು. ೨೦೨೫ರ ಆಗಸ್ಟಿನಲ್ಲಿ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಖಾಸಗಿ ಕಾರುಗಳಿಗೆ ಮೂರು ಸಾವಿರ ರೂಪಾಯಿಗೆ ಇನ್ನೂರು ಸಲ ದಾಟುವ ವಾರ್ಷಿಕ ಪಾಸು ಬಂದಿತು. ಇದು ಜನಪ್ರಿಯವಾದ ಏರ್ಪಾಡು, ಸಂದೇಹವಿಲ್ಲ. ಆದರೆ ಹೆಚ್ಚು ಓಡಿದಷ್ಟೂ ಸಲವೊಂದಕ್ಕೆ ಅಗ್ಗವಾಗುವುದರಿಂದ ನಾವು ಚರ್ಚಿಸುತ್ತಿರುವ ತತ್ತ್ವಕ್ಕೆ ಇದು ಬೆನ್ನು ತಿರುಗಿಸಿ ನಡೆಯುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ೨೦೧೮ರ ಎಂಟು ರೂಪಾಯಿಯ ಸೆಸ್ಸನ್ನೇ ಆಧಾರವಾಗಿಟ್ಟುಕೊಂಡು, ಲೀಟರಿಗೆ ಸ್ಕೂಟರು ೫೦, ಕಾರು ೧೫, ಬಸ್ಸು ಅಥವಾ ಲಾರಿ ೪ ಕಿಲೋಮೀಟರು ಓಡುತ್ತವೆಂದು ಊಹಿಸಿದರೆ, ಕಿಲೋಮೀಟರಿಗೆ ಸ್ಕೂಟರಿನವನು ೧೬ ಪೈಸೆ, ಕಾರಿನವನು ೫೩ ಪೈಸೆ, ಲಾರಿಯವನು ೨ ರೂಪಾಯಿ ಕೊಟ್ಟಂತಾಗುತ್ತದೆ. ಅಂದರೆ ಲಾರಿಯು ಕಾರಿನ ನಾಲ್ಕರಷ್ಟಕ್ಕೂ ಕಡಮೆ. ಹೆದ್ದಾರಿ ಸುಂಕದ ೨೦೦೮ರ ನಿಯಮಗಳ ಮೂಲದರದಲ್ಲಿಯೂ ಇದೇ ಬಗೆ: ಕಾರಿಗೆ ಕಿಲೋಮೀಟರಿಗೆ ೬೫ ಪೈಸೆ, ಬಸ್ಸು ಲಾರಿಗಳಿಗೆ ೨ ರೂಪಾಯಿ ೨೦ ಪೈಸೆ. ನೋಡಿದರೆ ನ್ಯಾಯವೆಂದೇ ತೋರುತ್ತದೆ.

ಆದರೆ ರಸ್ತೆ ಏನು ಹೇಳುತ್ತದೆ? ಇದನ್ನು ರಸ್ತೆಯನ್ನೇ ಕೇಳಿ ತಿಳಿದ ಒಂದು ದೊಡ್ಡ ಪ್ರಯೋಗವುಂಟು. ಅಮೆರಿಕದ ಇಲಿನಾಯ್ ಸಂಸ್ಥಾನದ ಒಟ್ಟಾವಾ ಎಂಬಲ್ಲಿ ೧೯೫೮ರಿಂದ ೧೯೬೦ರವರೆಗೆ ಬೇರೆ ಬೇರೆ ದಪ್ಪದ ರಸ್ತೆಗಳನ್ನು ಸುತ್ತುದಾರಿಗಳಾಗಿ ಕಟ್ಟಿ, ಬೇರೆ ಬೇರೆ ಭಾರದ ಲಾರಿಗಳನ್ನು ಅವುಗಳ ಮೇಲೆ ಎಡೆಬಿಡದೆ ಓಡಿಸಿ ಸವಕಳಿಯನ್ನು ಅಳೆದರು. ಸ್ಥೂಲವಾಗಿ ಹೇಳುವುದಾದರೆ, ಒಂದು ಅಚ್ಚಿನ ಮೇಲಿನ ಭಾರ ಎರಡರಷ್ಟಾದರೆ ರಸ್ತೆಯ ಸವಕಳಿ ಎರಡರಷ್ಟಲ್ಲ, ಹದಿನಾರರಷ್ಟು. ಭಾರದ ನಾಲ್ಕನೆಯ ಘಾತಕ್ಕೆ ಅನುಸಾರವಾಗಿ ಹಾನಿ ಏರುತ್ತದೆ. ಅಚ್ಚಿನ ಭಾರ ಹತ್ತರಷ್ಟಾದರೆ ಹಾನಿ ಹತ್ತು ಸಾವಿರದಷ್ಟು! ಕಾರಿನ ಅಚ್ಚಿನ ಮೇಲೆ ಒಂದು ಟನ್ನಿಗಿಂತ ಕಡಮೆ ಭಾರವಿರುತ್ತದೆ. ತುಂಬಿದ ಲಾರಿಯ ಹಿಂದಿನ ಅಚ್ಚಿನ ಮೇಲೆ ಹತ್ತು ಟನ್ನು. ನಮ್ಮ ದೇಶದಲ್ಲಿ ೨೦೧೮ರಲ್ಲಿ ನಾಲ್ಕು ಚಕ್ರಗಳ ಒಂಟಿ ಅಚ್ಚಿನ ಭಾರದ ಮಿತಿಯನ್ನು ೧೦.೨ ಟನ್ನಿನಿಂದ ೧೧.೫ ಟನ್ನಿಗೆ ಏರಿಸಿದರು. ಭಾರದಲ್ಲಿ ಏರಿಕೆ ಶೇಕಡ ಹದಿಮೂರು. ಈ ಸೂತ್ರದ ಪ್ರಕಾರ ಸವಕಳಿಯಲ್ಲಿ ಏರಿಕೆ ಶೇಕಡ ಅರವತ್ತಕ್ಕೂ ಹೆಚ್ಚು. ರಾತ್ರಿಯ ವೇಳೆ ಚಿಕ್ಕಬಳ್ಳಾಪುರದ ಕಡೆಯಿಂದ ಜಲ್ಲಿ ತುಂಬಿಕೊಂಡು ಬಳ್ಳಾರಿ ರಸ್ತೆಯಲ್ಲಿ ಬರುವ ಲಾರಿಗಳನ್ನು ಬಲ್ಲವರಿಗೆ ಈ ಲೆಕ್ಕದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆದ್ದಾರಿ ಹೇಗೋ ತಡೆದುಕೊಳ್ಳುತ್ತದೆ, ಅದನ್ನು ದಪ್ಪವಾಗಿ ಕಟ್ಟಿದ್ದಾರೆ. ಅದೇ ಲಾರಿ ಮನೆ ಕಟ್ಟುವ ನಿವೇಶನವನ್ನು ಹುಡುಕಿಕೊಂಡು ಊರೊಳಗಿನ ತೆಳು ಡಾಮರಿನ ಬೀದಿಗೆ ಇಳಿದಾಗ ಬೀದಿ ಕುಸಿಯುತ್ತದೆ.

ಆದಕಾರಣ ‘ಎಣ್ಣೆಯೋ ದೂರವೋ’ ಎಂಬ ಪ್ರಶ್ನೆಯೇ ಅರ್ಧ ಪ್ರಶ್ನೆ ಎಂದು ನನಗೆ ತೋರುತ್ತದೆ. ಭಾರವನ್ನು ಬಿಟ್ಟು ದೂರವನ್ನು ಮಾತ್ರ ಹಿಡಿದರೆ ಸ್ಕೂಟರಿನವನೂ ಲಾರಿಯವನೂ ಒಂದೇ ತಕ್ಕಡಿಗೆ ಬೀಳುತ್ತಾರೆ. ಎಣ್ಣೆಯಾದರೂ ಭಾರದ ಸುಳಿವನ್ನು ಸ್ವಲ್ಪಮಟ್ಟಿಗೆ ಹಿಡಿಯುತ್ತಿತ್ತು. ಬರಿಯ ಕಿಲೋಮೀಟರು ಅದನ್ನೂ ಹಿಡಿಯದು.

ಈ ಎರಡನ್ನೂ ಕೂಡಿಸಿದ ದೇಶ ನ್ಯೂಜಿಲೆಂಡು. ಅಲ್ಲಿ ೧೯೭೦ರ ದಶಕದ ಕೊನೆಯಿಂದ ಡೀಸೆಲ್ ಗಾಡಿಯವರು ಸಾವಿರ ಕಿಲೋಮೀಟರಿಗೆ ಇಷ್ಟೆಂದು ಮುಂಗಡವಾಗಿ ಪರವಾನಗಿ ಕೊಳ್ಳುತ್ತಾರೆ. ಭಾರಿ ಗಾಡಿಗಳ ಚಕ್ರದ ಗುಂಬಕ್ಕೆ ದೂರ ಅಳೆಯುವ ಮಾಪಕವಿರುತ್ತದೆ. ಭಾರವನ್ನೂ ಅಚ್ಚುಗಳ ಸಂಖ್ಯೆಯನ್ನೂ ನೋಡಿ ದರ ಗೊತ್ತಾಗುತ್ತದೆ. ವಿದ್ಯುತ್ ಕಾರುಗಳು ೨೦೨೪ರ ಏಪ್ರಿಲ್ ೧ರಂದು ಈ ವ್ಯವಸ್ಥೆಗೆ ಸೇರಿದವು. ಆಗ ಅವುಗಳ ದರ ಸಾವಿರ ಕಿಲೋಮೀಟರಿಗೆ ೭೬ ಡಾಲರು. ಎಣ್ಣೆಯ ತೆರಿಗೆಯನ್ನು ಮೊದಲು ಹಾಕಿದ ಆರೆಗಾನ್ ಸಂಸ್ಥಾನವೇ ೨೦೧೫ರಲ್ಲಿ ಮೈಲಿಗೆ ಒಂದೂವರೆ ಸೆಂಟಿನ ತೆರಿಗೆಯನ್ನು, ಇಷ್ಟವಿದ್ದವರಿಗೆ ಮಾತ್ರ ಎಂದು, ಪ್ರಾರಂಭಿಸಿತು. ನಮ್ಮಲ್ಲಿಯೂ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಉಪಗ್ರಹದ ನೆರವಿನಿಂದ ದೂರ ಅಳೆಯುವ ಪ್ರಯೋಗ ನಡೆಯಿತು. ೨೦೨೪ರ ಸೆಪ್ಟೆಂಬರಿನಲ್ಲಿ ನಿಯಮಗಳನ್ನು ತಿದ್ದಿ, ಅಂಥ ಉಪಕರಣವಿರುವ ಗಾಡಿಗೆ ಮೊದಲ ೨೦ ಕಿಲೋಮೀಟರು ಸುಂಕವಿಲ್ಲವೆಂದರು. ದೇಶಕ್ಕೆಲ್ಲ ಅದನ್ನು ೨೦೨೫ರ ಮೇ ೧ರಿಂದ ಜಾರಿಗೆ ತರುವ ತೀರ್ಮಾನವಾಗಿಲ್ಲವೆಂದು ಇಲಾಖೆಯು ಆ ಏಪ್ರಿಲ್ಲಿನಲ್ಲಿ ಸ್ಪಷ್ಟಪಡಿಸಿತು.

ಉಪಗ್ರಹದ ಮಾತು ಬಂದೊಡನೆ ಮನಸ್ಸು ಹಿಂಜರಿಯುತ್ತದೆ. ಎಣ್ಣೆಯ ತೆರಿಗೆಗೆ ನಾವು ಎಲ್ಲಿದ್ದೆವೆಂದು ಗೊತ್ತಿರಲಿಲ್ಲ, ಉಪಗ್ರಹಕ್ಕೆ ಗೊತ್ತಿರುತ್ತದೆ. ಆರೆಗಾನಿನಲ್ಲಿ ಜಾಗದ ಗುರುತು ಹಿಡಿಯದೆ ದೂರವನ್ನಷ್ಟೇ ವರದಿ ಮಾಡುವ ಉಪಕರಣವನ್ನು ಆರಿಸಿಕೊಳ್ಳುವ ಅವಕಾಶವನ್ನು ಕೊಟ್ಟಿದ್ದಾರೆ. ನಮ್ಮಲ್ಲಿಯೂ ಅದು ಹಕ್ಕಾಗಿಯೇ ಇರಬೇಕು.

ಇದಕ್ಕಿಂತ ಗಂಭೀರವಾದ ಆಕ್ಷೇಪಣೆ ಬಡವರ ಪರವಾಗಿ ಬರತಕ್ಕದ್ದು. ಜಕ್ಕೂರಿನಿಂದ ವಿಮಾನ ನಿಲ್ದಾಣಕ್ಕೆ ದಿನವೂ ನಾಲ್ಕಾರು ಸಲ ಬಾಡಿಗೆ ಕಾರು ಓಡಿಸುವವನು ದೂರವನ್ನು ಕಡಮೆ ಮಾಡುವುದೆಂದರೆ ಅನ್ನವನ್ನು ಕಡಮೆ ಮಾಡಿಕೊಳ್ಳುವುದೆಂದೇ ಅರ್ಥ. ಊರಿನ ನಡುವೆ ಬಾಡಿಗೆ ಕೊಡಲಾರದೆ ಹೊರವಲಯಕ್ಕೆ ಬಂದವರೇ ಹೆಚ್ಚು ದೂರ ಓಡಾಡುವವರು. ನಾಲ್ಕು ಕಾರುಗಳನ್ನು ಮನೆಯಲ್ಲಿ ನಿಲ್ಲಿಸಿಕೊಂಡವನು ದೂರದ ತೆರಿಗೆಯಲ್ಲಿ ಪಾರಾಗುತ್ತಾನೆ. ಬಸ್ಸಿನ ವಿಚಾರ ಇನ್ನೂ ತೊಡಕಿನದು. ನಾಲ್ಕನೆಯ ಘಾತದ ಸೂತ್ರವನ್ನು ಹಾಗೆಯೇ ಹಿಡಿದರೆ ಅತ್ಯಂತ ಹೆಚ್ಚು ತೆರಬೇಕಾದವುಗಳಲ್ಲಿ ನಾವು ಕಾಲೇಜಿಗೆ ಬರುವ ನಗರ ಸಾರಿಗೆಯ ಬಸ್ಸೂ ಒಂದು. ೨೦೨೧ರ ಕೊನೆಯಿಂದ ಓಡುತ್ತಿರುವ ವಿದ್ಯುತ್ ಬಸ್ಸುಗಳಂತೂ ಬ್ಯಾಟರಿಯ ಭಾರವನ್ನೂ ಹೊತ್ತಿವೆ. ಆದರೆ ಅರವತ್ತು ಜನರನ್ನು ಹೊತ್ತ ಬಸ್ಸಿನ ಎರಡು ರೂಪಾಯಿಯನ್ನು ತಲೆಗೆ ಹಂಚಿದರೆ ನಾಲ್ಕು ಪೈಸೆಯೂ ಪೂರ್ತಿ ಆಗದು. ಒಬ್ಬನೇ ಕುಳಿತ ಕಾರಿನದು ೫೩ ಪೈಸೆ. ಇಲ್ಲಿ ಸವಕಳಿಯ ಲೆಕ್ಕವನ್ನು ಬದಿಗಿಟ್ಟು ಬಸ್ಸಿಗೆ ಪೂರ್ತಿ ವಿನಾಯಿತಿ ಕೊಡಬೇಕೆಂದೇ ನಾನು ವಾದಿಸುತ್ತೇನೆ. (ಶಕ್ತಿ ಯೋಜನೆಯು ೨೦೨೩ರ ಜೂನಿನಲ್ಲಿ ಬಂದ ಮೇಲೆ ಮಹಿಳೆಯರ ಟಿಕೆಟ್ಟಿನ ಹಣವನ್ನು ಸರ್ಕಾರವೇ ತುಂಬಿಕೊಡುತ್ತಿರುವುದರಿಂದ, ಬಸ್ಸಿಗೆ ಹಾಕಿದ ತೆರಿಗೆಯಲ್ಲಿ ಒಂದು ಪಾಲು ಸರ್ಕಾರದ ಒಂದು ಜೇಬಿನಿಂದ ಇನ್ನೊಂದಕ್ಕೆ ಹೋದಂತೆಯೇ ಸರಿ.)

ಇಂಥ ತೆರಿಗೆ ಹಾಕುವ ಅಧಿಕಾರ ಯಾರದು? ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ ೫೭ನೆಯ ಬಾಬು ವಾಹನಗಳ ಮೇಲಿನ ತೆರಿಗೆಯದು, ೫೯ನೆಯದು ಸುಂಕದ್ದು. ೧೯೫೭ರ ಮೋಟಾರು ವಾಹನ ತೆರಿಗೆ ಕಾಯಿದೆಯು ನಮ್ಮಲ್ಲಿ ಈಗಾಗಲೇ ಇದೆ. ಅದರಲ್ಲಿ ಕಾರಿಗೆ ಬೆಲೆಯನ್ನು ನೋಡಿ ಆಜೀವ ತೆರಿಗೆಯನ್ನು ಒಮ್ಮೆಗೇ ವಸೂಲು ಮಾಡುತ್ತಾರೆ. ಮೂರು ಲಕ್ಷ ಕಿಲೋಮೀಟರು ಓಡಿದ ಕಾರಿಗೂ ಮೂಲೆಯಲ್ಲಿ ನಿಂತ ಕಾರಿಗೂ ಬೆಲೆ ಒಂದೇ ಆದರೆ ತೆರಿಗೆಯೂ ಒಂದೇ. ಆದ್ದರಿಂದ ದೆಹಲಿಯ ಅಪ್ಪಣೆಗಾಗಿ ಕಾಯದೆ, ಈ ಕಾಯಿದೆಯ ತಿದ್ದುಪಡಿಯಿಂದಲೇ ಪ್ರಾರಂಭಿಸಬಹುದು.

ನನ್ನ ಸೂಚನೆ ಇಷ್ಟು. ಭಾರಿ ಸರಕಿನ ಲಾರಿಗಳಿಂದ ಮೊದಲು ಮಾಡುವುದು. ಬಾಡಿಗೆಗೆ ಓಡುವ ಗಾಡಿಗಳು ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಅರ್ಹತಾ ಪತ್ರಕ್ಕಾಗಿ ಪರೀಕ್ಷೆಗೆ ಬರಲೇಬೇಕು. ನಮ್ಮ ಭಾಗದ, ಅಂದರೆ ಯಲಹಂಕದ ಕೆಎ ೫೦ ಸಂಖ್ಯೆಯ ಲಾರಿಗಳಿಗೂ ಇದು ತಪ್ಪಿದ್ದಲ್ಲ. ಅಲ್ಲಿ ಮೊಹರು ಮಾಡಿದ ಮಾಪಕವನ್ನು ಓದಿ, ಅಚ್ಚಿನ ಭಾರಕ್ಕೆ ತಕ್ಕ ದರದಲ್ಲಿ ತೆರಿಗೆ ಕಟ್ಟಿಸಿಕೊಂಡು, ಆ ಲಾರಿಗಳು ತೆತ್ತ ಡೀಸೆಲ್ಲಿನ ರಾಜ್ಯ ತೆರಿಗೆಯಲ್ಲಿ ಅಷ್ಟನ್ನು ಕಳೆಯಬೇಕು. ಕಾರುಗಳಲ್ಲಿ ವಿದ್ಯುತ್ತಿನವನ್ನು ಮಾತ್ರ, ಅವುಗಳ ಸಂಖ್ಯೆ ಬೆಳೆದಂತೆ, ಕಡಮೆ ದರದಲ್ಲಿ ಇದಕ್ಕೆ ತರಬಹುದು. ಪೆಟ್ರೋಲಿನವು ಈಗಿನಂತೆಯೇ ಎಣ್ಣೆಯಲ್ಲಿ ಕೊಡುತ್ತಿರಲಿ. ಸ್ಕೂಟರುಗಳ ಗೊಡವೆ ಬೇಡ. ಅವುಗಳಿಂದ ಆಗುವ ಸವಕಳಿಗಿಂತ ಲೆಕ್ಕ ಬರೆಯುವ ಖರ್ಚೇ ಹೆಚ್ಚು. ಬಂದ ಹಣದಲ್ಲಿ ಒಂದು ನಿಶ್ಚಿತ ಪಾಲು, ೧೯೨೯ರ ಏರ್ಪಾಡಿನಂತೆ, ಗಾಡಿ ಓಡಿದ ಜಿಲ್ಲೆಯ ಮತ್ತು ನಗರದ ರಸ್ತೆಗಳಿಗೇ ಹಿಂದಿರುಗತಕ್ಕದ್ದೆಂದು ಕಾಯಿದೆಯಲ್ಲಿಯೇ ಬರೆಯಬೇಕು.

ಕೊನೆಗೆ ಒಂದು ವಿಷಯವನ್ನು ಸೇರಿಸಬೇಕಾಗಿದೆ. ಬೆಂಗಳೂರಿನ ಬೀದಿಗಳನ್ನು ಕೆಡಿಸುವುದರಲ್ಲಿ ಚಕ್ರಗಳಿಗೆ ಇಬ್ಬರು ಜೊತೆಗಾರರಿದ್ದಾರೆ: ಚರಂಡಿಯಿಲ್ಲದೆ ನಿಂತ ಮಳೆಯ ನೀರು, ಮತ್ತು ಕೊಳವೆಗೆಂದೋ ತಂತಿಗೆಂದೋ ಹೊಸ ಡಾಮರನ್ನು ಅಗೆಯುವ ಗುದ್ದಲಿ. ಇವೆರಡರ ಖರ್ಚನ್ನು ಗಾಡಿಯವನ ತೆರಿಗೆಗೆ ಸೇರಿಸುವುದು ಅನ್ಯಾಯ. ಚರಂಡಿಯ ಖರ್ಚು ಆಸ್ತಿ ತೆರಿಗೆಯಿಂದಲೂ, ಅಗೆದದ್ದರ ಖರ್ಚು ಅಗೆದವರಿಂದಲೂ ಬರತಕ್ಕದ್ದು. ಕಿಲೋಮೀಟರಿನ ದರವನ್ನು ಗೊತ್ತುಮಾಡುವ ಮುನ್ನ ಈ ಮೂರು ಲೆಕ್ಕಗಳನ್ನೂ ಬೇರೆ ಬೇರೆಯಾಗಿ ಬರೆದು ಪ್ರಕಟಿಸಬೇಕು.