ಕೇಳುವುದೂ ಒಂದು ವಿದ್ಯೆ

ವಿದ್ಯುನ್ಮಂಡಲದ ಎರಡು ಬಿಂದುಗಳ ನಡುವಣ ವಿಭವಾಂತರವನ್ನು ವೋಲ್ಟ್‌ಮಾಪಕದಿಂದ ಅಳೆಯುವ ಪ್ರಯೋಗವನ್ನು ವಿಜ್ಞಾನದ ವಿದ್ಯಾರ್ಥಿಗಳೆಲ್ಲರೂ ಮಾಡಿರುತ್ತಾರೆ. ಆ ಉಪಕರಣದ ರೋಧವು ಅಧಿಕವಾಗಿರಬೇಕೆಂಬುದು ನಿಯಮ. ರೋಧ ಕಡಮೆಯಾದರೆ ಮಂಡಲದ ಪ್ರವಾಹದಲ್ಲಿ ಹೆಚ್ಚಿನ ಪಾಲನ್ನು ಉಪಕರಣವೇ ಎಳೆದುಕೊಳ್ಳುತ್ತದೆ. ಆಗ ಮುಳ್ಳು ತೋರಿಸುವುದು ಮಂಡಲದ ನಿಜಸ್ಥಿತಿಯನ್ನಲ್ಲ, ಉಪಕರಣವು ಕೆಡಿಸಿದ ಸ್ಥಿತಿಯನ್ನು. ಈ ನಿಯಮವನ್ನು ಹಲವು ವರ್ಷ ಬೋಧಿಸಿದ ಮೇಲೂ ಅದು ನಮಗೇ ಅನ್ವಯಿಸುವುದೆಂದು ಹೊಳೆದದ್ದು ಬಹಳ ತಡವಾಗಿ.

ಒಂದು ಸಂಜೆ ಪ್ರಯೋಗಾಲಯ ಮುಚ್ಚುವ ಹೊತ್ತಿಗೆ ಬಿ.ಎಸ್‌ಸಿ. ಎರಡನೆಯ ವರ್ಷದ ಹುಡುಗನೊಬ್ಬನು ಬಂದು ನಿಂತನು. ಕೂಡ್ಲಿಗಿ ತಾಲ್ಲೂಕಿನ ಹಳ್ಳಿಯವನು. “ಸರ್, ಓದಿದ್ದು ತಲಿಗೆ ಹತ್ತವಲ್ದು” ಎಂದನು. ನಾವು ಕೂಡಲೇ ವೇಳಾಪಟ್ಟಿಯೊಂದನ್ನು ಬರೆದುಕೊಟ್ಟೆವು. ನಾಲ್ಕಕ್ಕೆ ಏಳು, ಮೊಬೈಲನ್ನು ದೂರವಿಡು, ಹಿಂದಿನ ಪ್ರಶ್ನೆಪತ್ರಿಕೆಗಳನ್ನು ಬಿಡಿಸು ಎಂದೆವು. “ಆಗ್ಲಿ ಸರ್” ಎಂದು ಹೋದವನು ಒಂದು ತಿಂಗಳು ಕಾಲೇಜಿನತ್ತ ಸುಳಿಯಲಿಲ್ಲ. ಪ್ರವಾಹವನ್ನೆಲ್ಲ ನಾವೇ ಎಳೆದುಕೊಂಡಿದ್ದೆವು. (ಅವನ ಒಪ್ಪಿಗೆ ಪಡೆದು, ಗುರುತು ತಿಳಿಯದಂತೆ ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇವೆ.)

ಮತ್ತೊಬ್ಬರ ಅಳಲನ್ನು ಕೇಳಿ, ಅವರೇ ತಮ್ಮ ದಾರಿಯನ್ನು ಕಂಡುಕೊಳ್ಳುವಂತೆ ನೆರವಾಗುವ ಕಾರ್ಯಕ್ಕೆ ಆಪ್ತಸಮಾಲೋಚನೆ ಎಂಬ ಹೆಸರು ನಮ್ಮಲ್ಲಿ ರೂಢಿಗೆ ಬಂದಿದೆ. ಇದರಲ್ಲಿ ಹಲವು ಪಂಥಗಳುಂಟು. ಮಾನವತಾ ಪಂಥದ ಪ್ರಮುಖನು ಅಮೆರಿಕದ ಕಾರ್ಲ್ ರಾಜರ್ಸ್ (1902-1987). ಈತನು 12ನೆಯ ವಯಸ್ಸಿನಿಂದ ಬೇಸಾಯದ ಜಮೀನಿನಲ್ಲಿ ಬೆಳೆದವನು; ಕಾಲೇಜಿನಲ್ಲಿ ಮೊದಲು ಓದಿದ್ದು ಕೃಷಿಶಾಸ್ತ್ರ. ಚಳಿಗಾಲಕ್ಕೆಂದು ನೆಲಮಾಳಿಗೆಯಲ್ಲಿ ಕೂಡಿಟ್ಟ ಆಲೂಗೆಡ್ಡೆಗಳು ಮೇಲಿನ ಸಣ್ಣ ಕಿಟಕಿಯ ಬೆಳಕಿನತ್ತ ಎರಡು ಮೂರು ಅಡಿ ಉದ್ದದ ಬಿಳಿಚಿದ ಮೊಳಕೆಗಳನ್ನು ಚಾಚುತ್ತಿದ್ದುದನ್ನು ಆತನು ಮುಪ್ಪಿನಲ್ಲಿಯೂ ನೆನೆಯುತ್ತಿದ್ದನು. ಆ ಮೊಳಕೆ ಗಿಡವಾಗದು, ಆದರೂ ಬೆಳಕಿನತ್ತ ತಿರುಗುವುದನ್ನು ಬಿಡದು. ಮನುಷ್ಯನಲ್ಲಿಯೂ ಇಂಥದೇ ಬೆಳೆಯುವ ಒಲವಿದೆ, ತಕ್ಕ ಪರಿಸರವನ್ನು ಒದಗಿಸುವುದಷ್ಟೇ ಸಮಾಲೋಚಕನ ಕೆಲಸ ಎಂಬುದು ಆತನ ಮತ.

ಆ ಪರಿಸರಕ್ಕೆ ಬೇಕಾದ ಮುಖ್ಯ ಗುಣಗಳನ್ನು ರಾಜರ್ಸ್ 1957ರ ಲೇಖನವೊಂದರಲ್ಲಿ ನಿರೂಪಿಸಿದನು. ಕೇಳುವವನು ಮುಖವಾಡವಿಲ್ಲದೆ ಇರಬೇಕು. ಎದುರಿನವನನ್ನು ಷರತ್ತಿಲ್ಲದೆ ಆದರಿಸಬೇಕು. ಅವನ ಲೋಕವನ್ನು ಅವನ ಕಣ್ಣಿನಿಂದಲೇ ಕಾಣಬೇಕು. ಕಷ್ಟವಾದದ್ದು ಮೂರನೆಯದು. ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕವನ್ನು ಓದುಗರಲ್ಲಿ ಹಲವರು ಕಂಡಿರಬಹುದು. ಡೆಂಕನಮರಡಿಯಲ್ಲಿ ಗೊರವಯ್ಯನು ಬಿಲ್ಲನ್ನೇರುತ್ತಲೇ ಅಷ್ಟು ದೊಡ್ಡ ಜನಸಾಗರ ನಿಶ್ಶಬ್ದವಾಗುತ್ತದೆ. ಅವನು ನುಡಿಯುವುದು ಒಂದೇ ಸಾಲು; ಅದನ್ನು ಮಳೆಗೋ ಬೆಳೆಗೋ ರಾಜಕೀಯಕ್ಕೋ ಹೊಂದಿಸಿ ಅರ್ಥ ಹೇಳುವವರು ಊರೂರಿನಲ್ಲಿಯೂ ಇದ್ದಾರೆ. ಸಮಾಲೋಚಕನಿಗೂ ಆ ಮೌನವೇ ಬೇಕು. ಅರ್ಥ ಹೇಳುವ ಕೆಲಸ ಮಾತ್ರ ಅವನದಲ್ಲ. ನುಡಿದವನೇ ತನ್ನ ನುಡಿಯ ಅರ್ಥವನ್ನು ಕಂಡುಕೊಳ್ಳಬೇಕು.

ಇದೆಲ್ಲ ಮಾತಿನ ಸೊಗಸಾಯಿತು, ಅಳತೆಯೆಲ್ಲಿ? ಎಂದು ವಿಜ್ಞಾನದ ವಿದ್ಯಾರ್ಥಿಯು ಕೇಳಬೇಕು. ರಾಜರ್ಸ್‌ನ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ ಎಂದು ನಮ್ಮ ಭಾವನೆ. ಬಾಗಿಲು ಮುಚ್ಚಿ ನಡೆಯುತ್ತಿದ್ದ ಸಂಭಾಷಣೆಗಳನ್ನು ಒಪ್ಪಿಗೆ ಪಡೆದು ಧ್ವನಿಮುದ್ರಿಸಿ, ಮಾತಿಗೆ ಮಾತು ಬರೆಯಿಸಿ, ಪರೀಕ್ಷೆಗೆ ಒಡ್ಡಿದವರಲ್ಲಿ ಆತನು ಮೊದಲಿಗನು. 1942ರ ತನ್ನ ಗ್ರಂಥದಲ್ಲಿ ಒಂದು ಸಮಾಲೋಚನೆಯನ್ನು ಆದಿಯಿಂದ ಅಂತ್ಯದವರೆಗೆ ಅಚ್ಚು ಹಾಕಿಸಿದನು.

ಇನ್ನೊಂದು ಪ್ರಯೋಗ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ನಡೆದು 1954ರಲ್ಲಿ ಪ್ರಕಟವಾಯಿತು. ಇದಕ್ಕೆ ಬಳಸಿದ ವಿಧಾನವನ್ನು ರೂಪಿಸಿದವನು ವಿಲಿಯಂ ಸ್ಟೀವನ್‌ಸನ್. ಈತನು ಮೊದಲು ಭೌತಶಾಸ್ತ್ರದಲ್ಲಿಯೇ ಡಾಕ್ಟರೇಟ್ ಪಡೆದು, ಆಮೇಲೆ ಲಂಡನ್ನಿನಲ್ಲಿ ಸ್ಪಿಯರ್‌ಮನ್ನನ ಬಳಿ ಮನಶ್ಶಾಸ್ತ್ರಕ್ಕೆ ಬಂದವನು. (ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರೂ ಸ್ಪಿಯರ್‌ಮನ್ನನ ಶಿಷ್ಯರೇ.) ವಿಧಾನವು ಸರಳ. ಸ್ವಭಾವವನ್ನು ಕುರಿತ ನೂರು ವಾಕ್ಯಗಳನ್ನು ನೂರು ಚೀಟಿಗಳ ಮೇಲೆ ಬರೆದು ಕೊಡುತ್ತಾರೆ. ತನಗೆ ಅತ್ಯಂತ ಕಡಮೆ ಹೊಂದುವುದರಿಂದ ಅತ್ಯಂತ ಹೆಚ್ಚು ಹೊಂದುವುದರವರೆಗೆ ಒಂಬತ್ತು ಗುಂಪುಗಳಾಗಿ ಅವನ್ನು ಜೋಡಿಸಬೇಕು. ಮೊದಲು ‘ನಾನು ಇರುವಂತೆ’, ಬಳಿಕ ‘ನಾನು ಇರಬೇಕೆಂದು ಬಯಸುವಂತೆ’. ಎರಡು ಜೋಡಣೆಗಳಿಗೂ ಇರುವ ಸಹಸಂಬಂಧವನ್ನು ಗಣಿಸಿದರೆ, ತನ್ನನ್ನು ತಾನು ಎಷ್ಟು ಒಪ್ಪಿಕೊಂಡಿದ್ದಾನೆಂಬುದು ಅಂಕಿಯಾಗಿ ದೊರೆಯುತ್ತದೆ. ಸಮಾಲೋಚನೆಗೆ ಬಂದ 25 ಮಂದಿಯಲ್ಲಿ ಅದರ ಸರಾಸರಿ ಆರಂಭದಲ್ಲಿ ಹೆಚ್ಚು ಕಡಮೆ ಸೊನ್ನೆಯಾಗಿತ್ತು. ಮುಗಿದ ಮೇಲೆ 0.34ಕ್ಕೆ ಏರಿತು. ಸಮಾಲೋಚನೆ ಬಯಸದಿದ್ದ ಹೋಲಿಕೆಯ ಗುಂಪಿನಲ್ಲಿ ಅದು ಮೊದಲಿಗೂ ಕೊನೆಗೂ 0.58ರ ಆಸುಪಾಸಿನಲ್ಲಿಯೇ ನಿಂತಿತು.

ಆದರೂ ಎಚ್ಚರಿಕೆ ಬೇಕು. ಚೀಟಿ ಜೋಡಿಸಿದವರು ಅವರೇ. ಆಪ್ತನಾದ ಸಮಾಲೋಚಕನು ಮೆಚ್ಚಲೆಂದು ಜೋಡಿಸಿದ್ದರೆ? ಮೇಲಾಗಿ, ತೀವ್ರ ಮನೋರೋಗಿಗಳ ಮೇಲೆ ವಿಸ್ಕಾನ್ಸಿನ್‌ನಲ್ಲಿ ರಾಜರ್ಸ್ ನಡೆಸಿದ ಪ್ರಯೋಗವು ನಿರೀಕ್ಷಿಸಿದಷ್ಟು ಫಲ ಕೊಡಲಿಲ್ಲ. ಅದನ್ನೂ ಆತನು ಮುಚ್ಚಿಡದೆ ಪ್ರಕಟಿಸಿದನು.

ಮನುಷ್ಯನನ್ನು ಬಿಡಿ ಬಿಡಿಯಾಗಿ ನೋಡದೆ ಇಡಿಯಾಗಿ ನೋಡಬೇಕೆಂಬ ಸಮಗ್ರ ದೃಷ್ಟಿಯು ಇದರ ನೆರೆಯದು. ಮೊದಲ ಮಹಾಯುದ್ಧದಲ್ಲಿ ಮಿದುಳಿಗೆ ಪೆಟ್ಟು ಬಿದ್ದ ಸೈನಿಕರನ್ನು ಶುಶ್ರೂಷಿಸಿದ ಜರ್ಮನಿಯ ವೈದ್ಯ ಕುರ್ಟ್ ಗೋಲ್ಡ್‌ಸ್ಟೈನನು, ಒಂದು ಭಾಗ ಕೆಟ್ಟಾಗ ಇಡೀ ಜೀವಿಯೇ ತನ್ನ ನಡವಳಿಕೆಯನ್ನು ಮರುಹೊಂದಿಸಿಕೊಳ್ಳುವುದೆಂದು ಕಂಡನು. ಸಾಮರ್ಥ್ಯವನ್ನು ಪೂರ್ಣವಾಗಿ ಅರಳಿಸಿಕೊಳ್ಳುವುದೆಂಬ ಅವನ ಕಲ್ಪನೆಯನ್ನೇ ಮ್ಯಾಸ್ಲೊ 1943ರಲ್ಲಿ ಅಗತ್ಯಗಳ ಶ್ರೇಣಿಯ ತುದಿಯಲ್ಲಿಟ್ಟನು. ಪಠ್ಯಪುಸ್ತಕಗಳಲ್ಲಿ ಕಾಣುವ ಪಿರಮಿಡ್ ಚಿತ್ರವನ್ನು ಬರೆದವನು ಮ್ಯಾಸ್ಲೊ ಅಲ್ಲವೆಂಬುದು ಸ್ವಾರಸ್ಯ.

ಈ ವಿದ್ಯೆಗೂ ನಮ್ಮ ಸೀಮೆಗೂ ಏನು ನಂಟು? ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು ಇಂದು ವಿಜಯನಗರ ಜಿಲ್ಲೆಗೆ ಸೇರಿವೆ. 1985ರಲ್ಲಿ ಇವೆಲ್ಲವೂ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆ ವರ್ಷ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ರಾಜ್ಯದ ಆರೋಗ್ಯ ಇಲಾಖೆಯೊಡನೆ ಕೂಡಿ, ಸುಮಾರು 15 ಲಕ್ಷ ಜನರಿದ್ದ ಈ ಜಿಲ್ಲೆಯನ್ನೇ ಪ್ರಯೋಗಕ್ಕೆ ಆರಿಸಿಕೊಂಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸುವ ತರಬೇತಿ ಕೊಟ್ಟು, ಔಷಧಗಳು ತಾಲ್ಲೂಕುಗಳಲ್ಲಿಯೇ ದೊರೆಯುವಂತೆ ಮಾಡಿದರು. ಈ ಬಳ್ಳಾರಿ ಮಾದರಿಯನ್ನು ಅನುಸರಿಸಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಆರಂಭವಾಯಿತು. ಇದನ್ನು ಇಲ್ಲಿಯ ಕಾಲೇಜುಗಳ ಮಕ್ಕಳೇ ಅರಿಯರು, ವಿಷಾದದ ಸಂಗತಿ.

ಆ ಯೋಜನೆಯ ಗುರಿ ಮುಖ್ಯವಾಗಿ ರೋಗ. ರಾಜರ್ಸ್‌ನ ಗುರಿ ಬೆಳವಣಿಗೆ. ಇವೆರಡು ಎದುರಾಳಿಗಳಲ್ಲ. ವಾರಗಟ್ಟಲೆ ನಿದ್ದೆಯಿಲ್ಲದವನಿಗೆ, ಇಲ್ಲದ ದನಿ ಕೇಳುವವನಿಗೆ, ಬದುಕು ಬೇಡವೆನ್ನುವವನಿಗೆ ಸ್ನೇಹಿತನ ಕಿವಿಯೊಂದೇ ಸಾಲದು. ಗೆಳೆಯನೊಬ್ಬನು ಸಾಯುವ ಮಾತಾಡಿದರೆ ಗುಟ್ಟು ಕಾಯದೆ ಹಿರಿಯರಿಗೆ ತಿಳಿಸಿ, ವೈದ್ಯರಲ್ಲಿಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಆ ಹುಡುಗನು ತಿಂಗಳಾದ ಮೇಲೆ ಮತ್ತೆ ಬಂದನು. ಈ ಸಲ ವೇಳಾಪಟ್ಟಿಯ ಮಾತೆತ್ತಲಿಲ್ಲ. “ಓದಾಕ ಕುಂತಾಗ ಮನಸು ಬ್ಯಾರೆ ಕಡೆ ಹೊಕ್ಕೈತಿ ಅಂತೀಯೇನಪಾ?” ಎಂದಷ್ಟೇ ಕೇಳಿ ಸುಮ್ಮನಾದೆವು. ಬಹಳ ಹೊತ್ತು ಅವನೂ ಸುಮ್ಮನಿದ್ದನು. ಆ ಮೌನವನ್ನು ತಡೆಯುವುದು ಮೇಷ್ಟರಿಗೆ ಎಷ್ಟು ಕಷ್ಟವೆಂಬುದು ಮೇಷ್ಟರಿಗೇ ಗೊತ್ತು. ಕಡೆಗೆ, “ಅವ್ವ ಫೋನ್ ಮಾಡಿದ್ರ ಎತ್ತಂಗಿಲ್ಲ ಸರ್. ಓದಾಕತ್ತೀನಿ ಅಂತ ಸುಳ್ಳು ಹೇಳಬೇಕಾಗತೈತಿ” ಎಂದನು. ತಂದೆತಾಯಿ ಕಬ್ಬು ಕಡಿಯಲು ಗುಳೆ ಹೋಗಿದ್ದರು. ಮನೆಯಲ್ಲಿ ಕಾಯಿಲೆಯ ಅಜ್ಜಿ, ಏಳನೆಯ ತರಗತಿಯ ತಂಗಿ. ಅವರ ಬೆವರಿನ ಹಣದಲ್ಲಿ ಓದುತ್ತ ನಪಾಸಾಗುವೆನೆಂಬ ನಾಚಿಕೆ ಅವನನ್ನು ತಿನ್ನುತ್ತಿತ್ತು. ಇದಾವುದಕ್ಕೂ ನಮ್ಮ ಬಳಿ ಉತ್ತರವಿರಲಿಲ್ಲ. ಇದೆಯೆಂದು ನಟಿಸಲೂ ಇಲ್ಲ.

ಹೊರಡುವಾಗ ಅವನೇ ಕೇಳಿದನು, ಬೆಳಗಿನ ಪ್ರಯೋಗದ ತಂಡದಿಂದ ಮಧ್ಯಾಹ್ನದ ತಂಡಕ್ಕೆ ಬದಲಾಯಿಸಲಾದೀತೇ ಎಂದು. ತಂಗಿಯನ್ನು ಶಾಲೆಗೆ ಕಳುಹಿಸಿ ಒಂಬತ್ತರ ಬಸ್ಸು ಹಿಡಿಯಬಹುದಂತೆ. ಬದಲಾಯಿಸಿದೆವು. ಆ ಸಂಜೆ ಬಸ್ ನಿಲ್ದಾಣದ ಕಂಬದ ಬಳಿ ಅವನು ಫೋನನ್ನು ಕಿವಿಗೊತ್ತಿಕೊಂಡು ಬಹಳ ಹೊತ್ತು ಮಾತನಾಡುತ್ತ ನಿಂತಿದ್ದುದು ಕಂಡಿತು.